ಜೇಬಿನಲ್ಲೇ ಉಳಿದ ಮುಡಿಪು

ಟಿವಿಯಲ್ಲಿ ಮೊದಲ ಸಲ ಅಮೆರಿಕನ್ ಫುಟ್‌ಬಾಲ್ ನೋಡಿದ ನಮ್ಮಮ್ಮ ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಆ ಪಟ್ಟೆ ಅಂಗಿಯವನು ಮುಡಿಪನ್ನ ಯಾಕೋ ನೆಲಕ್ಕೆ ಎಸೆದ?” ಅಂದಳು. ನೋಡಿದರೆ ಹೌದು, ಥೇಟ್ ಮುಡಿಪು. ಚಿಕ್ಕ ಹಳದಿ ಬಟ್ಟೆ, ಒಳಗೆ ಏನೋ ಭಾರ ಇಟ್ಟು ಕಟ್ಟಿದ ಗಂಟು. ಊರಲ್ಲಿ ನಮ್ಮ ದೇವರ ಗೂಡಿನೊಳಗೆ ಅರಿಶಿನದಲ್ಲಿ ಅದ್ದಿದ ಬಟ್ಟೆಗೆ ಒಂದು ರೂಪಾಯಿ ಕಟ್ಟಿ ತಿಮ್ಮಪ್ಪನಿಗೆಂದು ಎತ್ತಿಡುತ್ತಿದ್ದದ್ದು ಇದೇ ಥರ. ನಾವು ಹರಕೆ ತೀರುವವರೆಗೆ ಅದನ್ನು ಮುಟ್ಟುವುದಿಲ್ಲ, ಈ ಪಟ್ಟೆ ಅಂಗಿಯ ರೆಫರಿಗಳು ತಪ್ಪು ಕಂಡ ತಕ್ಷಣ ಎಸೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಬಟ್ಟೆ ಹುಟ್ಟಿದ್ದೂ ಒಂದು ಮನೆಯ ಹೊಲಿಗೆಯಲ್ಲೇ. 1941ರವರೆಗೆ ಮೈದಾನದಲ್ಲಿ ತಪ್ಪು ಕಂಡರೆ ರೆಫರಿಗಳು ತುತ್ತೂರಿ, ಸೀಟಿ ಊದುತ್ತಿದ್ದರು. ಗಲಾಟೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಓಹಾಯೋದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡೈಕ್ ಬೀಡಿ ಅವರಿಗೆ ಇದು ಸಾಕಾಗಿ ಹೆಂಡತಿ ಅರ್ಮಾ ಅವರಿಗೆ ಒಂದು ಉಪಾಯ ಹೇಳಿದರು. ಆಕೆ ಮಗಳ ಹಳೆಯ ಹ್ಯಾಲೊವೀನ್ ಉಡುಪಿನ ಕೆಂಪು ಬಟ್ಟೆಯನ್ನೂ ಒಂದು ಹಳೆಯ ಹಾಸಿಗೆ ಹೊದಿಕೆಯನ್ನೂ ಕತ್ತರಿಸಿ, ಮೂಲೆಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸೇರಿಸಿ ಹೊಲಿದುಕೊಟ್ಟರು. ಮುಂದೆ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗು ಅದನ್ನು ಎತ್ತಿಕೊಂಡಿತು. ಅಲ್ಲಿ ಬಹುಕಾಲ ಬಿಳಿಯಾಗಿದ್ದದ್ದು 1965ರಲ್ಲಿ ಹಳದಿಗೆ ತಿರುಗಿತು. ಕೋಟಿಗಟ್ಟಲೆ ಡಾಲರಿನ ಈ ಆಟದ ನ್ಯಾಯವೆಲ್ಲ ಇಂದಿಗೂ ಆ ತಾಯಿಯ ಹಳೆಬಟ್ಟೆ ಉಪಾಯದ ಮೇಲೆಯೇ ನಡೆಯುತ್ತಿದೆ. ಅಮ್ಮನಿಗೆ ಇದನ್ನು ಹೇಳಿದಾಗ ಅವಳ ಕಣ್ಣಲ್ಲಿ ಅಮೆರಿಕದ ಮರ್ಯಾದೆ ಸ್ವಲ್ಪ ಹೆಚ್ಚಿತು.

ಆ ಚಳಿಗಾಲ ಅಮ್ಮ ನಮ್ಮಲ್ಲಿಗೆ ಆರು ತಿಂಗಳಿಗೆಂದು ಬಂದಿದ್ದಳು. ನಾವಿರುವುದು ಲೂಸಿಯಾನಾದಲ್ಲಿ, ನ್ಯೂ ಆರ್ಲಿಯನ್ಸ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. ಪಕ್ಕದ ಮನೆಯ ಅಜ್ಜ ಆ ಊರಿನ ಸೇಂಟ್ಸ್ ತಂಡದ ಕಪ್ಪು ಟೋಪಿ ಹಾಕಿಕೊಂಡೇ ಹುಟ್ಟಿದವರಂತೆ ಇದ್ದರು. ಅಮ್ಮ ಅವರಿಗೆ ‘ಟೋಪಿ ಅಜ್ಜ’ ಅಂತ ಹೆಸರಿಟ್ಟಿದ್ದಳು. 2019ರ ಜನವರಿ 20ರ ಭಾನುವಾರ ನಮ್ಮನ್ನೆಲ್ಲ ಅವರ ಮನೆಗೆ ಕರೆದಿದ್ದರು. ಅಮ್ಮ ಚಕ್ಕುಲಿ ಒಯ್ದಳು. ಅಂದು ಗೆದ್ದವರಿಗೆ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಎದುರಾಳಿ ಲಾಸ್ ಏಂಜಲೀಸ್ ರ‍್ಯಾಮ್ಸ್, ಆಟ ನಮ್ಮದೇ ಸೂಪರ್‌ಡೋಮಿನಲ್ಲಿ.

ಸ್ಕೋರು 20-20. ಎರಡು ನಿಮಿಷವೂ ಉಳಿದಿಲ್ಲ. ಚೆಂಡು ಸೇಂಟ್ಸ್ ಕೈಯಲ್ಲಿದೆ, ಗೆರೆಗೆ ಹದಿಮೂರೇ ಗಜ. ಡ್ರೂ ಬ್ರೀಸ್ ಬಲಕ್ಕೆ ಟಾಮಿಲೀ ಲೂಯಿಸ್ ಕಡೆ ಎಸೆದರು. ಚೆಂಡು ಇನ್ನೂ ಗಾಳಿಯಲ್ಲಿದೆ. ಅಷ್ಟರಲ್ಲಿ ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಓಡಿಬಂದು, ಚೆಂಡಿನತ್ತ ತಿರುಗಿಯೂ ನೋಡದೆ, ಲೂಯಿಸ್‌ಗೆ ಗುದ್ದಿ ಕೆಡವಿದರು. ಚೆಂಡು ಆಮೇಲೆ ಬಂದು ಬಿತ್ತು, ಮದುವೆ ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ.

ಚೆಂಡು ಬರುವ ಮುಂಚೆ ಹಿಡಿಯುವವನನ್ನು ಹಾಗೆ ಕೆಡವುವಂತಿಲ್ಲ. ಅದಕ್ಕೆ ಪಾಸ್ ಇಂಟರ್‌ಫಿಯರೆನ್ಸ್ ಅನ್ನುತ್ತಾರೆ. ಆಟದ ಒಂದು ನಿಯಮವೂ ಗೊತ್ತಿಲ್ಲದ ಅಮ್ಮ ಚಕ್ಕುಲಿ ಕೈಯಲ್ಲೇ ಹಿಡಿದು, “ಚೆಂಡೇ ಬಂದಿಲ್ವಲ್ಲೋ, ಆ ಹುಡುಗನ್ನ ಯಾಕೆ ಗುದ್ದಿದ?” ಅಂದಳು. ಟೋಪಿ ಅಜ್ಜನಿಗೆ ಕನ್ನಡ ಬರುವುದಿಲ್ಲ, ಆದರೆ ಅಮ್ಮ ಏನಂದಳು ಅಂತ ಅವರು ನನ್ನನ್ನು ಕೇಳಲೂ ಇಲ್ಲ. ಎದ್ದು ನಿಂತು ಟಿವಿಯ ಮೂಲೆಮೂಲೆಯಲ್ಲೂ ಹಳದಿ ಬಟ್ಟೆ ಹುಡುಕುತ್ತಿದ್ದರು. ಮೈದಾನದಲ್ಲಿ ಏಳು ಜನ ರೆಫರಿಗಳಿದ್ದರು, ಏಳು ಮುಡಿಪುಗಳಿದ್ದವು. ಒಂದೂ ಬೀಳಲಿಲ್ಲ.

ಬಿದ್ದಿದ್ದರೆ ಸೇಂಟ್ಸ್ ಆರಾಮಾಗಿ ಗಡಿಯಾರ ಸವೆಸಿ, ಕೊನೆಯ ಕ್ಷಣದಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕದ ಒಂದು ಫೀಲ್ಡ್ ಗೋಲ್ ಗಳಿಸಿ ಮನೆಗೆ ಹೋಗಬಹುದಿತ್ತು. ಬೀಳದ್ದರಿಂದ ಆಗಲೇ ಒದೆಯಬೇಕಾಯಿತು. 23-20. ಉಳಿದ ಸಮಯದಲ್ಲಿ ರ‍್ಯಾಮ್ಸ್ ಸಮ ಮಾಡಿಕೊಂಡರು. ಹೆಚ್ಚುವರಿ ಸಮಯದಲ್ಲಿ ಗ್ರೆಗ್ ಝುರ್ಲೈನ್ 57 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 26-23. ಟೋಪಿ ಅಜ್ಜ ಟಿವಿ ಆರಿಸಿದರು. ನಾವು ಸೂತಕದ ಮನೆಯಿಂದ ಬರುವವರ ಹಾಗೆ ಹೋಗಿಬರುತ್ತೇವೆ ಎನ್ನದೆ ಹೊರಟೆವು.

ಕೆಡವಿದ ರೋಬಿ-ಕೋಲ್ಮನ್ನೇ ಆಟ ಮುಗಿದ ಮೇಲೆ, ತಾನು ಚೆಂಡಿಗಿಂತ ಮುಂಚೆ ತಲುಪಿದ್ದು ನಿಜ ಅಂದರು. ಲೀಗಿನವರು ಸೇಂಟ್ಸ್ ಕೋಚ್ ಶಾನ್ ಪೇಟನ್‌ಗೆ ತಪ್ಪಾಯಿತೆಂದು ಒಪ್ಪಿಕೊಂಡರು. ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿದ್ದಕ್ಕೆ ರೋಬಿ-ಕೋಲ್ಮನ್ ಮೇಲೆ 26,739 ಡಾಲರ್ ದಂಡವೂ ಬಿತ್ತು. ಮಾಡಿದವನು ಒಪ್ಪಿದ, ಕಾಯುವವರು ಒಪ್ಪಿದರು, ದಂಡ ಕಟ್ಟಿದ್ದಾಯಿತು. ಫಲಿತಾಂಶ ಮಾತ್ರ ಕದಲಲಿಲ್ಲ. ಈ ಸಂಗತಿ ಜನರನ್ನು ಎಷ್ಟು ಕೆಣಕಿತೆಂದರೆ ರಾಜ್ಯದ ಗವರ್ನರ್ ಲೀಗಿನ ಕಮಿಷನರ್‌ಗೆ ಪತ್ರ ಬರೆದರು. ಒಬ್ಬ ವಕೀಲರು ಕೋರ್ಟಿಗೇ ಹೋದರು. ಕೆಳಗಿನ ಕೋರ್ಟು ಕಮಿಷನರನ್ನೂ ರೆಫರಿಗಳನ್ನೂ ಪ್ರಶ್ನೆ ಮಾಡಬಹುದು ಅಂತಲೂ ಹೇಳಿತು. ಸೆಪ್ಟೆಂಬರ್ ಹೊತ್ತಿಗೆ ಲೂಸಿಯಾನಾ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ವಜಾ ಮಾಡಿ ಎಲ್ಲರನ್ನೂ ಮನೆಗೆ ಕಳಿಸಿತು. ಸೂಪರ್ ಬೌಲ್ ದಿನ ನ್ಯೂ ಆರ್ಲಿಯನ್ಸ್ ಜನ ಟಿವಿ ಬಿಟ್ಟು ಬೀದಿಯಲ್ಲಿ ವಾದ್ಯ ಬಾರಿಸಿ ಕುಣಿದರು. ಮಾರನೆಯ ದಿನ ಅಲ್ಲಿನ ‘ಟೈಮ್ಸ್-ಪಿಕಯೂನ್’ ಪತ್ರಿಕೆ ಮುಖಪುಟವನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟು ‘ಸೂಪರ್ ಬೌಲಾ? ಯಾವ ಸೂಪರ್ ಬೌಲ್?’ ಎಂದಷ್ಟೇ ಅಚ್ಚು ಹಾಕಿತು. ಟೋಪಿ ಅಜ್ಜ ಆ ಪುಟಕ್ಕೆ ಚೌಕಟ್ಟು ಹಾಕಿಸಿದ್ದಾರೆ. 2010ರಲ್ಲಿ ಸೇಂಟ್ಸ್ ಸೂಪರ್ ಬೌಲ್ ಗೆದ್ದಾಗಿನ ಪತ್ರಿಕೆ ಎಲ್ಲಿದೆ ಎಂದು ಕೇಳಿದರೆ ಅಟ್ಟದಲ್ಲಿ ಹುಡುಕಬೇಕು ಅನ್ನುತ್ತಾರೆ.

ನನಗೆ ಕುತೂಹಲ ಇರುವುದು ಇಲ್ಲೇ. ಗೆಲುವು ಅಟ್ಟ ಸೇರುತ್ತದೆ, ಅನ್ಯಾಯ ಗೋಡೆ ಏರುತ್ತದೆ. ಅಜ್ಜ ಈ ಕಥೆಯನ್ನು ನನಗೆ ಇಪ್ಪತ್ತು ಸಲವಾದರೂ ಹೇಳಿರಬೇಕು. ಹೆಚ್ಚುವರಿ ಸಮಯದಲ್ಲಿ ಚೆಂಡು ಮೊದಲು ಸಿಕ್ಕಿದ್ದು ಸೇಂಟ್ಸ್‌ಗೇ, ಬ್ರೀಸ್ ಎಸೆದದ್ದನ್ನು ರ‍್ಯಾಮ್ಸ್‌ನವರು ಹಿಡಿದರು ಅನ್ನುವ ಅಧ್ಯಾಯ ಮಾತ್ರ ಒಂದು ಸಲವೂ ಬಂದಿಲ್ಲ. ಅದೇ ಸಂಜೆ ಸ್ವಲ್ಪ ಮುಂಚೆ ರ‍್ಯಾಮ್ಸ್‌ನ ಜೇರೆಡ್ ಗಾಫ್ ಅವರ ಹೆಲ್ಮೆಟ್ಟಿನ ಜಾಲರಿಗೆ ಸೇಂಟ್ಸ್ ಆಟಗಾರನ ಕೈ ಸಿಕ್ಕಿಕೊಂಡಿತ್ತು. ಅದೂ ತಪ್ಪೇ, ಅದಕ್ಕೂ ಬಟ್ಟೆ ಬೀಳಲಿಲ್ಲ. ನಾನೊಮ್ಮೆ ಇದನ್ನು ಮೆಲ್ಲಗೆ ತೆಗೆದೆ. ಅಜ್ಜ ನನ್ನನ್ನು ಬಾಡಿಗೆದಾರನನ್ನು ನೋಡುವಂತೆ ನೋಡಿದರು. ಅಂದಿನಿಂದ ಆ ಸುದ್ದಿಗೆ ಹೋಗಿಲ್ಲ.

ರೆಫರಿಗಳ ಪಾಡನ್ನೂ ನೋಡಬೇಕು. ಅವರಲ್ಲಿ ಹೆಚ್ಚಿನವರಿಗೆ ವಾರವಿಡೀ ಬೇರೆ ಕಸುಬು ಇರುತ್ತದೆ. ಪ್ರಸಿದ್ಧ ರೆಫರಿಯಾಗಿದ್ದ ಎಡ್ ಹಾಕ್ಯುಲಿ ವೃತ್ತಿಯಲ್ಲಿ ವಕೀಲರು. 2008ರಲ್ಲಿ ಡೆನ್ವರ್‌ನಲ್ಲಿ ಅವರು ಬೇಗ ಸೀಟಿ ಊದಿ ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡದ ಕೈಗೆ ಬಂದ ಆಟವನ್ನು ಕಳೆದರು. ಬಯ್ದು ಬರೆದ ಅಭಿಮಾನಿಗಳ ಇಮೇಲ್‌ಗಳಿಗೆ ತಾವೇ ಕೂತು, ತಪ್ಪು ನನ್ನದು ಎಂದು ಉತ್ತರ ಬರೆದರಂತೆ. ವಕೀಲರೊಬ್ಬರು ತಪ್ಪೊಪ್ಪಿಗೆಯನ್ನು ಅಷ್ಟು ಸಲ ಬರೆದುಕೊಟ್ಟದ್ದು ಅದೇ ಮೊದಲಿರಬೇಕು. 1998ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ವಿನ್ನಿ ಟೆಸ್ಟವರ್ಡೆ ಗೆರೆಯ ಮೇಲೆ ಬಿದ್ದಾಗ ದಾಟಿದ್ದು ಅವರ ಹೆಲ್ಮೆಟ್, ಚೆಂಡು ಹಿಂದೆಯೇ ಇತ್ತು. ಹೆಲ್ಮೆಟ್ಟನ್ನೇ ಚೆಂಡೆಂದುಕೊಂಡು ರೆಫರಿ ಕೈ ಎತ್ತಿ ಅಂಕ ಕೊಟ್ಟರು. ಮರುವರ್ಷವೇ, ಹಿಂದೊಮ್ಮೆ ಬೇಡವೆಂದು ಕೈಬಿಟ್ಟಿದ್ದ ವಿಡಿಯೊ ಮರುಪರಿಶೀಲನೆ ವಾಪಸು ಬಂತು. ಬಟ್ಟೆ ಎಸೆದರೂ ಸುಖವಿಲ್ಲ ಅನ್ನುವುದಕ್ಕೂ ಕಥೆಯಿದೆ: 1999ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಗುಂಡು ತುಂಬಿದ ಬಟ್ಟೆ ಹಾರಿ ಆರ್ಲಾಂಡೊ ಬ್ರೌನ್ ಎಂಬ ಆಟಗಾರನ ಕಣ್ಣಿಗೇ ಹೊಡೆಯಿತು. ಮೂರು ವರ್ಷ ಅವರು ಆಡಲಿಲ್ಲ.

2012ರಲ್ಲಿ ಸಂಬಳ, ಪಿಂಚಣಿಯ ಜಗಳದಲ್ಲಿ ಲೀಗು ರೆಫರಿಗಳನ್ನು ಹೊರಗಿಟ್ಟು ಬದಲಿಯವರನ್ನು ತಂದಿತ್ತು. ಸಿಯಾಟಲ್‌ನಲ್ಲಿ ಕೊನೆಯ ಎಸೆತವನ್ನು ಇಬ್ಬರು ಆಟಗಾರರು ಒಟ್ಟಿಗೆ ಅಪ್ಪಿಕೊಂಡು ಬಿದ್ದರು. ಅವರ ತಲೆಯ ಮೇಲೆ ಇಬ್ಬರು ರೆಫರಿಗಳು ಅಕ್ಕಪಕ್ಕ ನಿಂತು ಬೇರೆ ಬೇರೆ ಸನ್ನೆ ಮಾಡಿದರು. ಗ್ರೀನ್ ಬೇ ತಂಡ ಸೋತಿತು. ಎರಡೇ ದಿನಕ್ಕೆ ಜಗಳ ಮುಗಿಯಿತು. ಹಳಬರು ಮೈದಾನಕ್ಕೆ ಕಾಲಿಟ್ಟಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ರೆಫರಿಗೆ ಚಪ್ಪಾಳೆ! ಅತ್ತೆ ಮನೆಯಲ್ಲಿಲ್ಲದಾಗಲೇ ಅವಳ ಸಾರಿನ ರುಚಿ ನೆನಪಾಗುವುದು.

ನಾನು ಬೆಳೆದ ಬೀದಿಯ ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯು ಇರಲಿಲ್ಲ. ಬ್ಯಾಟಿಂಗ್ ತಂಡದವನೇ ಅಂಪೈರ್ ಆಗುತ್ತಿದ್ದದ್ದರಿಂದ ಅವನ ಬೆರಳನ್ನು ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ನಿಯಮವನ್ನೇ ತೆಗೆದುಹಾಕಿದ್ದೆವು. ಎನ್‌ಎಫ್‌ಎಲ್‌ನವರು ಇನ್ನೊಂದು ತುದಿಗೆ ಹೋದರು. ನ್ಯೂ ಆರ್ಲಿಯನ್ಸ್‌ನ ಕಣ್ಣೀರು ನೋಡಿ, ಪಾಸ್ ಇಂಟರ್‌ಫಿಯರೆನ್ಸನ್ನೂ ವಿಡಿಯೊದಲ್ಲಿ ಮರುಪರಿಶೀಲಿಸಬಹುದು ಎಂದು ತಂಡದ ಮಾಲೀಕರು 31-1 ಮತಗಳಿಂದ ಒಂದು ವರ್ಷಕ್ಕೆ ನಿಯಮ ಮಾಡಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಯಾವ ತಳ್ಳಾಟ ತಪ್ಪು, ಯಾವುದು ಅಲ್ಲ ಎಂದು ಕೋಚುಗಳಿಗೂ ತಿಳಿಯದಾಯಿತು. 2020ರ ಜನವರಿ 5ರಂದು ಅದೇ ಸೂಪರ್‌ಡೋಮಿನಲ್ಲಿ ಮಿನೆಸೋಟದ ಕೈಲ್ ರುಡಾಲ್ಫ್ ಎದುರಿದ್ದ ಸೇಂಟ್ಸ್ ಆಟಗಾರನ ಮೇಲೆ ಕೈ ಚಾಚಿ, ಚೆಂಡು ಹಿಡಿದು, ಆಟ ಮುಗಿಸಿದರು. ಬಟ್ಟೆ ಬೀಳಲಿಲ್ಲ. ಸೇಂಟ್ಸ್‌ಗಾಗಿಯೇ ಹುಟ್ಟಿದ ನಿಯಮ ಕೈಯಲ್ಲಿತ್ತು, ವಿಡಿಯೊ ನೋಡುವವರೂ ಇದ್ದರು. ಅಷ್ಟು ತಳ್ಳಿದ್ದು ತಪ್ಪಲ್ಲ ಅಂದರು. ವರ್ಷ ತುಂಬಿದ ಮೇಲೆ ಆ ನಿಯಮವನ್ನು ಯಾರೂ ಮುಂದುವರಿಸಲಿಲ್ಲ. ಟೋಪಿ ಅಜ್ಜ ಎರಡನೆಯ ಚೌಕಟ್ಟಿಗೆ ಗೋಡೆಯಲ್ಲಿ ಜಾಗ ಮಾಡಿದರು.

ಇಷ್ಟೆಲ್ಲ ಹೇಳುವ ನನಗೂ ಒಂದು ಪಟ್ಟೆ ಅಂಗಿ ಸಿಕ್ಕಿತ್ತು. ಆ 2019ರ ಮಾರ್ಚಿನಲ್ಲಿ ಬಡಾವಣೆಯ ಮಕ್ಕಳ ಫ್ಲ್ಯಾಗ್ ಫುಟ್‌ಬಾಲಿಗೆ, ಅಂದರೆ ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಆಟಕ್ಕೆ, ರೆಫರಿ ಸಿಗಲಿಲ್ಲ. ಆ ವರ್ಷ ಲೂಸಿಯಾನಾದಲ್ಲಿ ರೆಫರಿ ಆಗಲು ಯಾರಿಗೆ ಧೈರ್ಯವಿದ್ದೀತು? ನನ್ನ ಮಗಳು ಆಡುತ್ತಿದ್ದಳು, ಟೋಪಿ ಅಜ್ಜನ ಮೊಮ್ಮಗ ಎದುರು ತಂಡದಲ್ಲಿದ್ದ. ಒಪ್ಪಿಕೊಂಡೆ. ಅಮ್ಮ ತನ್ನ ಹಳೆಯ ಹಳದಿ ರವಿಕೆ ಕಣ ಕತ್ತರಿಸಿ, ಮೂಲೆಗೆ ಐದು ರೂಪಾಯಿ ನಾಣ್ಯ ಕಟ್ಟಿದಳು. ಬ್ರೌನ್ ಅವರ ಕಣ್ಣಿನ ಕಥೆ ಹೇಳಿದೆ. ಬಾಯಲ್ಲಿ ಲೊಚಗುಟ್ಟುತ್ತ ನಾಣ್ಯ ಬಿಚ್ಚಿ ಒಂದು ಹಿಡಿ ಅಕ್ಕಿ ಕಟ್ಟಿದಳು. “ಮೆತ್ತಗೆ ಎಸಿ ಕಣೋ, ಮಕ್ಕಳಿರ್ತವೆ” ಅಂದಳು.

ಆಟ ಮುಗಿಯುವ ಹೊತ್ತಿಗೆ ಅಜ್ಜನ ಮೊಮ್ಮಗ ಚೆಂಡಿಗೆ ಕೈ ಚಾಚಿ ನಿಂತಿದ್ದ. ನಾನು ಮೈದಾನದ ಇನ್ನೊಂದು ಬದಿಯಲ್ಲಿ ಓಡುತ್ತಿದ್ದ ನನ್ನ ಮಗಳನ್ನು ನೋಡುತ್ತಿದ್ದೆ. ಜನ ಕೂಗಿದಾಗ ತಿರುಗಿದರೆ ಹುಡುಗ ನೆಲದ ಮೇಲಿದ್ದ, ಚೆಂಡು ಉರುಳುತ್ತಿತ್ತು. ಏನಾಯಿತು ಎಂದು ನನಗೆ ಗೊತ್ತಿಲ್ಲ. ನೋಡದ್ದಕ್ಕೆ ಬಟ್ಟೆ ಎಸೆಯುವುದು ಹೇಗೆ? ಸೀಟಿ ಊದಿ ಆಟ ಮುಗಿಸಿದೆ. ನನ್ನ ಮಗಳ ತಂಡ ಗೆದ್ದಿತು.

ಟೋಪಿ ಅಜ್ಜ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಬಾಗಿಲ ಸಂದಿಯಲ್ಲಿ ಒಂದು ಕಾಗದ ಸಿಕ್ಕಿಸಿತ್ತು. ಜನವರಿಯಲ್ಲಿ ನಮ್ಮ ರಾಜ್ಯದ ಕಣ್ಣಿನ ಡಾಕ್ಟರೊಬ್ಬರು ಎನ್‌ಎಫ್‌ಎಲ್ ರೆಫರಿಗಳಿಗೆ ಉಚಿತ ಕಣ್ಣು ಪರೀಕ್ಷೆ ಮಾಡುತ್ತೇವೆ ಎಂದು ಸುದ್ದಿಯಾಗಿದ್ದರಲ್ಲ, ಆ ಸುದ್ದಿಯ ತುಣುಕು. ‘ಎನ್‌ಎಫ್‌ಎಲ್’ ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿದ್ದರು.

ಅಮ್ಮ ಏನದು ಅಂದಳು. ಯಾವುದೋ ಕೂಪನ್ ಅಂದೆ. ಅವಳು ಒಗೆಯಲು ಹಾಕಿದ್ದ ನನ್ನ ಪ್ಯಾಂಟಿನ ಜೇಬಿನಿಂದ ಹಳದಿ ಬಟ್ಟೆ ತೆಗೆದು ಗಂಟು ಬಿಚ್ಚುತ್ತಿದ್ದಳು. ಅಕ್ಕಿಯನ್ನು ಅಂಗೈ ಮೇಲೆ ಹರವಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಒಂದು ಸಲನೂ ನೆಲ ಮುಟ್ಟಿಲ್ಲ ಇದು” ಎಂದು ಅದನ್ನು ಮತ್ತೆ ಡಬ್ಬಿಗೆ ಸುರಿದಳು.