ನಮ್ಮ ಕೆರೆಗೆ ಪೆಂಗ್ವಿನ್ ಬಂದಿದೆ

ಬೆಂಗಳೂರಲ್ಲಿ ನಮ್ಮ ಏರಿಯಾ ಕೆರೆಗೆ ಹನ್ನೊಂದು ಪೆಂಗ್ವಿನ್ ಬಂದಿವೆ. ನಂಬ್ಲಿಲ್ಲ ಅಂದ್ರೆ ಬನ್ನಿ ತೋರಿಸ್ತೀನಿ, ನಾನೇ ಎರಡು ಸಲ ಎಣಿಸಿದೀನಿ. ಬಂದಿದ್ದು ಅಂಟಾರ್ಕ್ಟಿಕಾದಿಂದ ಅಲ್ಲ, ಟಾಟಾ ಏಸ್‌ನಲ್ಲಿ. ಎಲ್ಲವೂ ವಾಕಿಂಗ್ ಟ್ರ್ಯಾಕ್ ಪಕ್ಕ ಬಾಯಿ ತಕ್ಕೊಂಡು ನಿಂತಿವೆ, ಹೊಟ್ಟೆ ಮೇಲೆ 'ಯೂಸ್ ಮೀ' ಅಂತ ಬರೆದಿದೆ, ಬಾಯೊಳಗೆ ಚುರುಮುರಿ ಪೊಟ್ಟಣ, ಎಳನೀರು ಸ್ಟ್ರಾ, ಒಂದರಲ್ಲಿ ಯಾರ್ದೋ ಹಳೇ ಚಪ್ಪಲಿ. ಕೆರೆ ಅಭಿವೃದ್ಧಿ ಆದ್ಮೇಲೆ ಸಂಖ್ಯೆ ಜಾಸ್ತಿ ಆಗಿರೋ ಹಕ್ಕಿ ಇದೊಂದೇ.

ಮೊದಲು ಏನಿತ್ತು ಅಂತೀರಾ? ಏನೂ ಇರಲಿಲ್ಲ ಬಿಡಿ. ಒಂದ್ ಕಡೆ ಜೊಂಡು, ಒಂದ್ ಕಡೆ ಕೆಸರು, ಬೇಸಿಗೆಲಿ ನೀರು ಹಿಂದೆ ಸರಿದ್ರೆ ಬಿರುಕು ಬಿಟ್ಟ ಬಯಲು. ಆ ಜೊಂಡಲ್ಲಿ ನೇರಳೆ ಜಂಬುಕೋಳಿಗಳು ಸಂಸಾರ ಮಾಡ್ಕೊಂಡಿದ್ವು, ಮದುವೆ ಛತ್ರದ ಒದ್ದೆ ನೆಲದ ಮೇಲೆ ರೇಷ್ಮೆ ಸೀರೆ ನೆರಿಗೆ ಎತ್ಕೊಂಡು ಓಡಾಡೋ ದೊಡ್ಡತ್ತೆ ಥರ ಕೆಂಪು ಕಾಲು ಎತ್ತೆತ್ತಿ ಇಟ್ಕೊಂಡು. ನಡುನೀರಲ್ಲಿ ಹಣೆಗೆ ಬಿಳಿ ನಾಮ ಎಳ್ಕೊಂಡ ನಾಮದ ಕೋಳಿ, ಈಗ ಕಂಡು ಈಗ ಮಾಯ ಆಗೋ ಗುಳುಮುಳುಕ. ಅಂಚಿನ ತೆಳು ನೀರಲ್ಲಿ ಬಕ, ಬೆಳ್ಳಕ್ಕಿ. ಮಣ್ಣಿನ ದಂಡೆಲಿ ತೂತು ಕೊರೆದು ಮರಿ ಮಾಡೋ ಮಿಂಚುಳ್ಳಿ. ಚಳಿಗಾಲ ಬಂತು ಅಂದ್ರೆ ಸಲಿಕೆ ಥರ ಕೊಕ್ಕಿರೋ ಬಾತುಗಳು ಸಾವಿರಾರು ಕಿಲೋಮೀಟರ್ ಹಾರ್ಕೊಂಡು ಬಂದು, ಗೂಗಲ್ ಮ್ಯಾಪ್ ಇಲ್ದೇನೇ ನಮ್ಮ ಈ ಗಲೀಜು ಕೆರೆ ಕಂಡುಹಿಡಿದು ಇಳೀತಿದ್ವು.

ಇಂಥಾ ದರಿದ್ರ ಸ್ಥಿತಿ ನೋಡಿ ಸಾಹೇಬ್ರಿಗೆ ಕರುಳು ಚುರುಕ್ ಅಂದಿರಬೇಕು, ಟೆಂಡರ್ ಆಯ್ತು, ಜೇಸಿಬಿ ಬಂತು. ಜೊಂಡು ಕಿತ್ತರು, ಕೆಸರು ಎತ್ತಿದ್ರು, ಸುತ್ತ ಕಲ್ಲು ಜೋಡಿಸಿ ಸಿಮೆಂಟ್ ಹಾಕಿ ಕೆರೆನ ಒಂದು ದೊಡ್ಡ ಪಾಯಸದ ಬಟ್ಟಲು ಮಾಡಿದ್ರು. ದಡ ಬಿಟ್ಟು ಒಂದು ಹೆಜ್ಜೆ ಇಟ್ರೆ ಆಳ, ಈಗ ಬಕ ಮೀನು ಹಿಡೀಬೇಕು ಅಂದ್ರೆ ಮನೆಯಿಂದ ಸ್ಟೂಲ್ ತರ್ಬೇಕು. ಮಿಂಚುಳ್ಳಿ ಸಿಮೆಂಟ್ ಕೊರೀಬೇಕು ಅಂದ್ರೆ ಡ್ರಿಲ್ಲಿಂಗ್ ಮೆಷಿನ್ ಬಾಡಿಗೆಗೆ ತಗೋಬೇಕು. ನಡುವೆ ಹಕ್ಕಿಗಳಿಗೇ ಅಂತ ಸ್ಪೆಷಲ್ಲಾಗಿ ಒಂದು ದ್ವೀಪ ಬೇರೆ, ಅದರ ಎದುರಿಗೇ ಹೈಮಾಸ್ಟ್ ಲೈಟು, ಕಾವು ಕೂತ ಹಕ್ಕಿಗೆ ರಾತ್ರಿ ಟೈಮ್ ಪಾಸ್‌ಗೆ ಪೇಪರ್ ಓದೋಕೆ ಅನುಕೂಲ ಆಗ್ಲಿ ಅಂತ ಇರಬೇಕು. ಹೊಸದಾಗಿ ಏನೂ ಮಾಡದೆ ಹಾಗೇ ಬಿಟ್ಟಿರೋದು ಒಂದೇ, ರಾಜಕಾಲುವೆಯಿಂದ ಬರೋ ಮೋರಿ ನೀರು. ಅದು ಪಾರಂಪರಿಕ ಅಂತ ಕಾಣುತ್ತೆ.

ಉದ್ಘಾಟನೆಗೆ ದಿನ ಮಾತ್ರ ಚೆನ್ನಾಗಿ ಹುಡುಕಿದ್ರು, ನವೆಂಬರ್ 12, ಅಂದ್ರೆ 1896ರಲ್ಲಿ ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಅವರ ಗೌರವಾರ್ಥ ಹತ್ತು ಸಾವಿರದ ಪಟಾಕಿ ಸರ ಹಚ್ಚಿದ್ರು. ಆ ಸದ್ದಿಗೆ ಇದ್ದ ಬದ್ದ ಹಕ್ಕಿ ಎಲ್ಲಾ ಎದ್ದು ಹಾರಿದ್ದನ್ನ ನೋಡಿ ಜನ ಚಪ್ಪಾಳೆ ಹೊಡೆದ್ರು, 'ನೋಡಿ ಎಷ್ಟೊಂದು ಹಕ್ಕಿ ಇವೆ ನಮ್ ಕೆರೇಲಿ' ಅಂತ. ಇದ್ವು ಸ್ವಾಮಿ, ಅಲ್ಲೀತನಕ ಇದ್ವು. ಫ್ಲೆಕ್ಸಲ್ಲಿ ಹದಿನಾಲ್ಕು ಮುಖಂಡರ ಮುಖ, ಮೂಲೇಲಿ ಒಂದು ಹಕ್ಕಿ. ಅದು ಟೂಕಾನ್, ದಕ್ಷಿಣ ಅಮೆರಿಕದ್ದು. ಕೊಕ್ಕಿನ ಸೈಜ್ ನೋಡಿ ಮಂಗಟ್ಟೆ ಅಂತ ಡಿಟಿಪಿ ಹುಡುಗ ಡೌನ್‌ಲೋಡ್ ಮಾಡಿರ್ತಾನೆ ಪಾಪ. ಇದೇ ಸಲೀಂ ಅಲಿ ಹೇಳಿದ್ರು ಅಂತ ಮೈಸೂರು ಮಹಾರಾಜರು 1940ರಲ್ಲಿ ರಂಗನತಿಟ್ಟನ್ನ ಪಕ್ಷಿಧಾಮ ಮಾಡಿದ್ರಲ್ಲ, ಅಲ್ಲಿ ಮುಖ್ಯವಾಗಿ ಬೇಕಾಗಿದ್ದು ಹಕ್ಕಿಗಳನ್ನ ಅವುಗಳ ಪಾಡಿಗೆ ಬಿಡೋದು. ಆದ್ರೆ ಬಿಡೋದಕ್ಕೆ ಎಸ್ಟಿಮೇಟ್ ಹಾಕೋಕಾಗಲ್ಲ, ಬಿಲ್ ಬರಿಯೋಕಾಗಲ್ಲ, ಅದೇ ಸಮಸ್ಯೆ.

ಮಾರನೇ ವಾರ ನಾನು ಬೈನಾಕ್ಯುಲರ್ ನೇತಾಕ್ಕೊಂಡು ಹೋದೆ. ಗೇಟಲ್ಲಿ ಹೊಸ ಸೆಕ್ಯುರಿಟಿ.

'ಸರ, ಕ್ಯಾಮೆರಾ ಒಳಗ ಬಿಡಂಗಿಲ್ರಿ.'

'ಇದು ಕ್ಯಾಮೆರಾ ಅಲ್ಲಣ್ಣ, ಬೈನಾಕ್ಯುಲರ್. ದೂರದ್ದು ನೋಡೋದು.'

'ದೂರದ್ದು ನೋಡೋದು ಇನ್ನೂ ಡೇಂಜರ್ ಅಂದಾರ್ರಿ ಮ್ಯಾಗಿನವ್ರು.'

ಹಿಂದೆನೇ ಒಂದು ಪ್ರೀ ವೆಡ್ಡಿಂಗ್ ಶೂಟ್ ಪಾರ್ಟಿ ಎರಡು ಡ್ರೋನ್, ಒಂದು ಹೊಗೆ ಮೆಷಿನ್ ತಗೊಂಡು ಒಳಗೆ ಹೋಯ್ತು. ಅವರ ಹತ್ರ ಪರ್ಮಿಷನ್ ಲೆಟರ್ ಇದೆ. ಹಕ್ಕಿ ನೋಡೋಕೆ ಲೆಟರ್ ಯಾರು ಕೊಡ್ತಾರೆ ಅಂತ ಕೇಳಿದ್ದಕ್ಕೆ ಆತ ಪಾಪ ತಲೆ ಕೆರ್ಕೊಂಡು 'ಹಂಗ ಕೇಳಿದವ್ರು ನೀವ ಮೊದಲ್ನೇದವ್ರು ನೋಡ್ರಿ' ಅಂದ. ಆಮೇಲೆ ಮಾತಾಡ್ತಾ ಗೊತ್ತಾಯ್ತು, ಊರು ಗದಗ ಜಿಲ್ಲೆ, ಮಾಗಡಿ ಕೆರೆ ಹತ್ರ. ನಮ್ಮ ರಾಮನಗರ ಕಡೆ ಮಾಗಡಿ ಅಲ್ಲ, ಶಿರಹಟ್ಟಿ ಕಡೇದು, ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯೋ ಕೆರೆ, 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೂ ಸೇರಿದೆ. 'ಹೊಲಕ್ಕ ಇಳದು ಮೇಯ್ತಾವ್ರಿ. ನಮ್ಮಪ್ಪ ಬೈತಾನ, ಆದ್ರ ಹೊಡಿಯಂಗಿಲ್ಲ. ಮನಿಗೆ ಬಂದ ಬೀಗ್ರು ಎರಡು ರೊಟ್ಟಿ ಜಾಸ್ತಿ ತಿಂದ್ರ ಹೊಡಿತಾರೇನ್ರಿ?' ಅಲ್ಲಿ ಮ್ಯೂಸಿಕಲ್ ಫೌಂಟೇನ್ ಇದ್ಯಾ ಅಂತ ಕೇಳ್ದೆ. ನಕ್ಕ ಅಷ್ಟೇ. ಬೈನಾಕ್ಯುಲರ್ ಜರ್ಕಿನ್ ಒಳಗೆ ಹಾಕ್ಕೊಂಡು ಹೋಗಿ ಅಂತ ಕಣ್ಸನ್ನೆ ಮಾಡಿದ.

ಬರೀ ಸಾಹೇಬ್ರನ್ನ ಬೈದ್ರೆ ಆಗಲ್ಲ, ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್ ಮೆಸೇಜ್ ಓದ್ಬೇಕು ನೀವು. ಕೆರೆ ಕಾಣುತ್ತೆ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ಫ್ಲಾಟ್ ತಗೊಂಡಿರೋ ಜನ. 'ಅರ್ಜೆಂಟ್! ಕೆರೆಯಲ್ಲಿ ಹಾವು ಕಾಣಿಸಿಕೊಂಡಿದೆ!' ನೀರುಹಾವು ಕಣ್ರೀ ಅದು, ವಿಷ ಇಲ್ಲ, ಕೆರೇಲಿ ಅಲ್ದೆ ಲಿಫ್ಟಲ್ಲಿ ಕಾಣಿಸ್ಕೋಬೇಕಿತ್ತಾ? ಮಳೆ ಬಿದ್ದ ರಾತ್ರಿ ಇನ್ನೊಬ್ರು 'ಕಪ್ಪೆ ನಾಯ್ಸ್ ತುಂಬಾ ಆಗ್ತಿದೆ, ಯಾರಿಗೆ ಕಂಪ್ಲೇಂಟ್ ಕೊಡೋದು' ಅಂತ. ಮಗು ನಿದ್ದೆ ಮಾಡ್ತಿಲ್ವಂತೆ. ಜಾತ್ರೆ ಡಿಜೆಗೆ ಆರಾಮಾಗಿ ಮಲಗೋ ಮಗು ಅದು. ಬೆಳಿಗ್ಗೆ ಆದ್ರೆ ಇದೇ ಮಂದಿ ಬ್ರೆಡ್ ಪ್ಯಾಕೆಟ್ ತಂದು ನೀರಿಗೆ ಸುರಿದು, ಪುಣ್ಯ ಬಂತು ಅಂತ ಕೈ ಕೊಡವಿ ಹೋಗ್ತಾರೆ, ಪ್ಲಾಸ್ಟಿಕ್ ಕವರ್ ಪೆಂಗ್ವಿನ್ ಬಾಯಿಗೆ.

ಕೆರೇನ ಏನಾದ್ರೂ ಮಾಡ್ದೆ ಬಿಡಬಾರ್ದು ಅನ್ನೋ ಚಟ ನಮ್ಮೂರಿಗೆ ಹಳೇದೇ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಕರಗಕ್ಕೆ ಬೇಕಲ್ಲ ಅಂತ ಒಂದು ಚಿಕ್ಕ ಹೊಂಡ ಉಳಿಸಿದ್ದಾರೆ. ಬೆಳ್ಳಂದೂರು ಕೆರೆ ಅಂತೂ ನೊರೆ ಉಕ್ಕಿಸಿ ರೋಡಿಗೆ ಬಂದಿತ್ತು, 2018ರ ಜನವರೀಲಿ ಹತ್ಕೊಂಡ ಬೆಂಕಿ ಆರಿಸೋಕೆ ಮಿಲಿಟರಿಯವರು ಇಳೀಬೇಕಾಯ್ತು. ನೀರಿಗೆ ಬೆಂಕಿ ಹಚ್ಚಿದ ಊರು ನಮ್ದು. ಅಂಥಾದ್ರಲ್ಲಿ ನಾನು ಬಕಕ್ಕೆ ಕೆಸರಿಲ್ಲ ಅಂತ ಅಳ್ತಾ ಕೂತ್ರೆ ಯಾರು ಕೇಳ್ತಾರೆ?

ಈಗ ಏಪ್ರಿಲ್. ಎರಡನೇ ಹಂತದ ಕಾಮಗಾರಿಗೆ ಅಂತ ದಂಡೆ ಮೇಲೆ ಜಲ್ಲಿ ಸುರಿದಿದ್ದಾರೆ, ಫುಡ್ ಕೋರ್ಟ್ ಅಂತೆ. ಮೊನ್ನೆ ಹೋದಾಗ ಸೆಕ್ಯುರಿಟಿ ಅಣ್ಣ ನನ್ನ ಕೈ ಹಿಡ್ಕೊಂಡು ಮೆಲ್ಲಗೆ ಕರ್ಕೊಂಡು ಹೋದ. ಜಲ್ಲಿ ನಡುವೆ, ಜಲ್ಲಿ ಬಣ್ಣದ್ದೇ ನಾಲ್ಕು ಮೊಟ್ಟೆ. ಟಿಟ್ಟಿಭ. ಇಷ್ಟು ದುಡ್ಡು ಸುರಿದ ಪ್ರಾಜೆಕ್ಟಲ್ಲಿ ಹಕ್ಕಿಗೆ ಇಷ್ಟ ಆಗಿದ್ದು ಹರಡೋಕೆ ಮರ್ತುಹೋದ ಆ ಒಂದು ಲೋಡ್ ಜಲ್ಲಿ. ಅಮ್ಮ ಹಕ್ಕಿ ನಮ್ಮಿಬ್ಬರ ತಲೆ ಮೇಲೆ ಸುತ್ತಾ ಸುತ್ತಾ ಬಾಯಿಗೆ ಬಂದಂಗೆ ಬೈತಿತ್ತು.

ಸುತ್ತ ನೋಡಿದ್ರೆ ಐದು ಪೆಂಗ್ವಿನ್ ರೌಂಡಾಗಿ ಕಾವಲು ನಿಂತಿವೆ. ರಾತ್ರೋರಾತ್ರಿ ಟ್ರ್ಯಾಕಿಂದ ಎಳ್ಕೊಂಡು ಬಂದಿದ್ದಾನೆ ಮಹಾನುಭಾವ. ಅಷ್ಟರಲ್ಲಿ ಬ್ರೆಡ್ ಪ್ಯಾಕೆಟ್ ಅಂಕಲ್ ಒಬ್ರು ಏನಪ್ಪಾ ಅದು ಅಂತ ಇಣುಕಿಕೊಂಡು ಹತ್ರ ಬಂದ್ರು.

'ಬರಬ್ಯಾಡ್ರಿ ಸರ, ಅಲ್ಲಿ ಕರೆಂಟ್ ಲೀಕ್ ಐತಿ' ಅಂದ ಅಣ್ಣ, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸ್ದೆ.