ಮ್ಯಾನೇಜರ್ ಕೇಳಿದ್ದು, ಸಾಹುಕಾರ ಕೊಟ್ಟಿದ್ದು

ಫುಟ್‌ಬಾಲ್ ಕ್ಲಬ್ಬುಗಳು ಬೇಸಿಗೆಯಲ್ಲಿ ಆಟಗಾರರನ್ನು ಕೊಂಡು ಮಾರುವ ಅವಧಿಗೆ ಇಂಗ್ಲೆಂಡಿನವರು ‘ಸಮ್ಮರ್ ವಿಂಡೋ’ ಎಂದು ಹೆಸರಿಟ್ಟಿದ್ದಾರೆ. ಚಿಕ್ಕಮಗಳೂರಿಗೆ ಆ ಬೇಸಿಗೆ ಬರುವುದು ಕೊಡೆ ಹಿಡಿದುಕೊಂಡೇ. ಜೂನ್ ನಡುವೆ ತೆರೆದು ಆಗಸ್ಟ್ ಕೊನೆಗೆ ಮುಚ್ಚುವ ಆ ಕಿಟಕಿಯನ್ನು ನಮ್ಮ ಮಳೆ ಲೆಕ್ಕದಲ್ಲಿ ಹೇಳುವುದಾದರೆ, ಮೃಗಶಿರೆಯಲ್ಲಿ ತೆಗೆದು ಮಘೆಯಲ್ಲಿ ಹಾಕುತ್ತಾರೆ. ನಡುವೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲ ಸುರಿದುಹೋಗುತ್ತವೆ. ಜಿಲ್ಲಾ ಆಟದ ಮೈದಾನದಲ್ಲಿ ನೀರು ನಿಂತಿರುತ್ತದೆ, ಮೂಲೆಯಲ್ಲಿಟ್ಟ ಬೂಟಿಗೆ ಬೂಷ್ಟು ಹಿಡಿದಿರುತ್ತದೆ. ಅಲ್ಲಿ ಲೀಗಿಗೆ ರಜೆ, ಇಲ್ಲಿ ಮೈದಾನಕ್ಕೆ ರಜೆ. ಹಾಗಾಗಿ ಫುಟ್‌ಬಾಲ್ ಬಗ್ಗೆ ಅತಿ ಹೆಚ್ಚು ಮಾತು ನಡೆಯುವ ಕಾಲ ಇದೇ.

ಐ.ಜಿ. ರಸ್ತೆಯ ಕಡೆ ಸಂಜೆ ಐದೂವರೆ ಮೇಲೆ ತಗಡಿನ ಮಾಡಿನ ಕೆಳಗೆ ಒಂದು ಬೆಂಚಿದ್ದರೆ ಸಾಕು, ಮೂರು ಕ್ಲಬ್ಬುಗಳ ಆಡಳಿತ ಮಂಡಳಿ ಅಲ್ಲೇ ಸೇರಿರುತ್ತದೆ.

“ಕೋಚ್ ಕೇಳಿದ್ದು ಹೋಲ್ಡಿಂಗ್ ಮಿಡ್‌ಫೀಲ್ಡರ್ ಕಣೋ. ಇವರು ನೋಡಿದ್ರೆ ಇನ್ನೊಬ್ಬ ವಿಂಗರ್‌ನ ತಂದು ಕೂರಿಸಿದ್ರು.”

“ಅವನೇ ಕೇಳಿರ್ತಾನೆ ಬಿಡು ಮಾರಾಯ. ಕೇಳದೆ ಯಾರಾದ್ರೂ ಆರು ಕೋಟಿ ಪೌಂಡ್ ಸುರೀತಾರಾ?”

“ಕೇಳಿದ್ದು ಇವನಲ್ಲ, ಹೋದವನು. ಅವನ ಚೀಟಿಯ ಸಾಮಾನು ಇವನ ಕಾಲದಲ್ಲಿ ಬಂದಿದೆ.”

(ಹೋಲ್ಡಿಂಗ್ ಮಿಡ್‌ಫೀಲ್ಡರ್ ಎಂದರೆ ಡಿಫೆನ್ಸಿನ ಮುಂದೆ ನಿಂತು ಕಾಯುವವನು, ವಿಂಗರ್ ಎಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು.) ಮೂವರ ಮಾತೂ ಸುಳ್ಳಲ್ಲ, ಬೇರೆ ಬೇರೆ ಕ್ಲಬ್ಬುಗಳಲ್ಲಿ ಮೂರೂ ನಡೆದಿವೆ. ಆದರೆ ಬೆಂಚಿನ ನ್ಯಾಯ ಬೇರೆ. ಹೊಸಬ ಮೊದಲ ನಾಲ್ಕು ಪಂದ್ಯದಲ್ಲಿ ಮೂರು ಗೋಲು ಹೊಡೆದರೆ ಅದು ಕೋಚಿನ ಕಣ್ಣು, ಚೆಂಡು ಗ್ಯಾಲರಿಗೆ ಹೊಡೆದರೆ ಅದು ಮಾಲೀಕನ ಮೂರ್ಖತನ. ಕೋಚನ್ನು ಕಂಡರೆ ಆಗದವನಿಗೆ ಇದೇ ಸೂತ್ರ ಉಲ್ಟಾ.

ಅರ್ಧ ಜಗಳ ಹುಟ್ಟುವುದು ಇಂಗ್ಲೆಂಡಿನಲ್ಲಿ ಕೋಚನ್ನು ಕರೆಯುವ ‘ಮ್ಯಾನೇಜರ್’ ಎಂಬ ಪದದಿಂದ. ಈ ಜಿಲ್ಲೆಯಲ್ಲಿ ಮ್ಯಾನೇಜರ್ ಎಂದರೆ ಮೊದಲು ಕಣ್ಣಿಗೆ ಬರುವುದು ಕಾಫಿ ತೋಟದ ಮ್ಯಾನೇಜರ್. ನೆರಳಿನ ಮರ ಸವರುವ ಮರಗಸಿಗೆ ಎಷ್ಟು ಆಳು, ಗೊಬ್ಬರ ಯಾವ ಬ್ಲಾಕಿಗೆ ಮೊದಲು, ಮಳೆ ಹಿಡಿಯುವ ಮುಂಚೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು ಮುಗಿಯುತ್ತದೋ ಇಲ್ಲವೋ, ಇವೆಲ್ಲ ಅವರ ತಲೆನೋವು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂಬುದರಲ್ಲಿ ಸಾಹುಕಾರರು ತಲೆ ಹಾಕುವುದಿಲ್ಲ. ಆದರೆ ಎರಡು ಎಕರೆ ಹಳೇ ಗಿಡ ಕಿತ್ತು ಹೊಸ ಸಸಿ ಇಡುವುದಿದ್ದರೆ ಸಾಹುಕಾರರ ಬಾಯಿಂದ ಹೂಂ ಬರಬೇಕು. ಏಕೆಂದರೆ ಅರೇಬಿಕಾ ಸಸಿ ನೆಟ್ಟು ಕಾಯಿ ನೋಡಲು ಮೂರ್ನಾಲ್ಕು ವರ್ಷ. ಅಷ್ಟರಲ್ಲಿ ಮ್ಯಾನೇಜರ್ ಸಕಲೇಶಪುರದ ಯಾವುದೋ ತೋಟಕ್ಕೆ ಹೋಗಿರಬಹುದು. ಗಿಡ ಮಾತ್ರ ಇಲ್ಲೇ ಇರುತ್ತದೆ.

ಇಂಗ್ಲೆಂಡಿನ ಕ್ಲಬ್ಬುಗಳು ಕೊನೆಗೆ ಬಂದು ನಿಂತದ್ದೂ ಇದೇ ಲೆಕ್ಕಕ್ಕೆ. ಹಿಂದೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ, ಆರ್ಸೆನಲ್‌ನ ಆರ್ಸೆನ್ ವೆಂಗರ್ 1996ರಿಂದ 2018ರವರೆಗೆ ಒಂದೇ ಕಡೆ ಇದ್ದರು. ಇಪ್ಪತ್ತು ವರ್ಷ ಕೂರುವವನ ಕೈಗೆ ಚೆಕ್‌ಬುಕ್ ಕೊಟ್ಟರೆ ತಪ್ಪಿಲ್ಲ, ತಾನು ನೆಟ್ಟದ್ದನ್ನು ತಾನೇ ಕೊಯ್ಯುತ್ತಾನೆ. (ಆ ಫರ್ಗುಸನ್ ಕೂಡ 2010ರಲ್ಲಿ ಬೆಬೆ ಎಂಬ ಹುಡುಗನನ್ನು ಒಂದು ಸಲವೂ ಆಡುವುದನ್ನು ನೋಡದೆ ತಂದರು. ಬೆಂಚಿನಲ್ಲಿ ಯುನೈಟೆಡ್ ಅಭಿಮಾನಿಯ ಬಾಯಿ ಮುಚ್ಚಿಸಲು ಇವತ್ತಿಗೂ ಈ ಒಂದು ಹೆಸರು ಸಾಕು.) ಈಗ ಎರಡು ಸೀಸನ್ ಪೂರ್ತಿ ಉಳಿದ ಕೋಚ್ ಹಿರಿಯನ ಲೆಕ್ಕ. ಅವನಿಗೆ ಬರೆದುಕೊಡುವ ಹುದ್ದೆಯೂ ಎಷ್ಟೋ ಕಡೆ ‘ಹೆಡ್ ಕೋಚ್’ ಅಷ್ಟೇ. ಕೊಳ್ಳುವ ಕೆಲಸಕ್ಕೆ ಸ್ಪೋರ್ಟಿಂಗ್ ಡೈರೆಕ್ಟರ್ ಎಂಬ ಇನ್ನೊಬ್ಬ ಇದ್ದಾನೆ.

ಹಾಗಾದರೆ ಕೋಚಿನ ಮಾತಿಗೆ ಬೆಲೆ ಇಲ್ಲವೇ? ಇದೆ. ಎಲ್ಲೆಲ್ಲಿ ಇದೆ ಎಂದು ನೋಡಬೇಕು.

ಕೋಚ್ ಸಾಮಾನ್ಯವಾಗಿ ಹೆಸರು ಕೇಳುವುದಕ್ಕಿಂತ ಗುಣ ಕೇಳುತ್ತಾನೆ. “ಡಿಫೆನ್ಸಿನ ನಡುವೆ ನಿಲ್ಲಲು ಎಡಗಾಲಿನ ಸೆಂಟರ್ ಬ್ಯಾಕ್ ಬೇಕು. ನಮ್ಮ ಡಿಫೆನ್ಸ್ ಲೈನ್ ಮಧ್ಯದ ಗೆರೆ ಹತ್ತಿರ ನಿಲ್ಲುತ್ತದೆ, ಬೆನ್ನ ಹಿಂದೆ ಬಿದ್ದ ಚೆಂಡಿಗೆ ತಿರುಗಿ ಓಡುವ ಕಾಲಿರಬೇಕು.” ಆಟಗಾರರನ್ನು ಹುಡುಕುವ ಸ್ಕೌಟಿಂಗ್‌ನವರು ಅದಕ್ಕೆ ಹೊಂದುವ ಹೆಸರುಗಳನ್ನು ಅಂಕಿಅಂಶ, ವಿಡಿಯೋ, ಖುದ್ದು ನೋಡಿದ ಪಂದ್ಯಗಳ ಜರಡಿಯಲ್ಲಿ ಹಿಡಿದು ಮೂರ್ನಾಲ್ಕಕ್ಕೆ ಇಳಿಸುತ್ತಾರೆ. ಡೈರೆಕ್ಟರ್ ಅದರಲ್ಲಿ ಕೈಗೆ ಎಟುಕದ ಹೆಸರು ಹೊಡೆದುಹಾಕುತ್ತಾನೆ. ಉಳಿದ ಪಟ್ಟಿ ಕೋಚಿನ ಮೇಜಿಗೆ ಬರುತ್ತದೆ. ಇಲ್ಲಿ ಅವನ ‘ಬೇಕು’ಗಿಂತ ‘ಬೇಡ’ಕ್ಕೆ ತೂಕ ಜಾಸ್ತಿ. ಕೋಚ್ ಬೇಡವೆಂದವನನ್ನು ತಂದು ಆಡಿಸದೆ ಹೊರಗೆ ಕೂರಿಸಿದರೆ ಅವನ ಬೆಲೆ ವಾರವಾರವೂ ಇಳಿಯುತ್ತದೆ ಎಂಬುದು ಸಾಹುಕಾರನಿಗೂ ಗೊತ್ತು. ಆಮೇಲೆ ಕೋಚ್ ಮಾಡುವ ಇನ್ನೊಂದು ದೊಡ್ಡ ಕೆಲಸ ಎಂದರೆ ಒಂದು ಫೋನ್ ಕಾಲ್. “ನಿನ್ನನ್ನು ಇಲ್ಲಿ ಆಡಿಸ್ತೀನಿ, ಹೀಗೆ ಆಡಿಸ್ತೀನಿ.” ಎರಡು ಕ್ಲಬ್ ಒಂದೇ ಸಂಬಳ ಕೊಡುವಾಗ ಹುಡುಗ ಎತ್ತ ವಾಲುತ್ತಾನೆ ಎಂಬುದು ಎಷ್ಟೋ ಸಲ ಈ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಗೆ ಕೋಚಿನ ಪಾತ್ರ ಮುಗಿಯಿತು. ಕಂತು, ಏಜೆಂಟನ ಪಾಲು, ಮುಂದೆ ಮಾರಿದರೆ ಹಳೇ ಕ್ಲಬ್ಬಿಗೆ ಎಷ್ಟು ಪರ್ಸೆಂಟ್, ಮೊಣಕಾಲಿನ ಸ್ಕ್ಯಾನ್, ಹೃದಯದ ಪರೀಕ್ಷೆ, ವರ್ಕ್ ಪರ್ಮಿಟ್, ಇದ್ಯಾವುದಕ್ಕೂ ಅವನ ಸಹಿ ಬೇಕಿಲ್ಲ.

ಬೆಂಚಿನವರು ಮರೆಯುವುದು ಕಂತಿನ ಲೆಕ್ಕ. ಒಬ್ಬನನ್ನು 6 ಕೋಟಿ ಪೌಂಡಿಗೆ, 5 ವರ್ಷದ ಒಪ್ಪಂದಕ್ಕೆ ತಂದರು ಎನ್ನಿ. ಲೆಕ್ಕದ ಪುಸ್ತಕದಲ್ಲಿ ಆ ಬೆಲೆಯನ್ನು ಐದು ವರ್ಷಕ್ಕೆ ಹಂಚಿ ಬರೆಯುತ್ತಾರೆ, ವರ್ಷಕ್ಕೆ 1.2 ಕೋಟಿ. ವಾರಕ್ಕೆ ಒಂದೂವರೆ ಲಕ್ಷ ಸಂಬಳವೆಂದರೆ ವರ್ಷಕ್ಕೆ 78 ಲಕ್ಷ. ಒಟ್ಟು ವರ್ಷಕ್ಕೆ ಹೆಚ್ಚುಕಡಿಮೆ 2 ಕೋಟಿ, ಐದು ವರ್ಷ. ಕೋಚ್ ಹದಿನೆಂಟು ತಿಂಗಳಿಗೆ ಮನೆಗೆ ಹೋದರೂ ಮೂರೂವರೆ ವರ್ಷದ ಭಾರ ಕ್ಲಬ್ಬಿನ ಹೆಗಲ ಮೇಲೇ. ಮೂರು ವರ್ಷ ಕಳೆದ ಮೇಲೆ ಅವನನ್ನು 3 ಕೋಟಿಗೆ ಮಾರಿದರೆ ಬೆಂಚಿನಲ್ಲಿ “ಅರ್ಧಕ್ಕರ್ಧ ನಷ್ಟ” ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಅಕೌಂಟೆಂಟ್ ಮಾತ್ರ ನಗುತ್ತಿರುತ್ತಾನೆ: ಪುಸ್ತಕದಲ್ಲಿ ಉಳಿದಿದ್ದ ಬೆಲೆ 2.4 ಕೋಟಿ, ಬಂದದ್ದು 3, ಲಾಭ 60 ಲಕ್ಷ.

ಅಕಾಡೆಮಿಯಲ್ಲಿ ಬೆಳೆದ ಹುಡುಗನ ಕಥೆ ಇನ್ನೂ ವಿಚಿತ್ರ. ಸ್ವಂತ ನರ್ಸರಿಯ ಸಸಿಯಂತೆ ಅವನ ಪುಸ್ತಕದ ಬೆಲೆ ಸೊನ್ನೆ, ಮಾರಿದ ದುಡ್ಡೆಲ್ಲ ಲಾಭ. ಚೆಲ್ಸಿ 2023ರಲ್ಲಿ ಮೇಸನ್ ಮೌಂಟ್‌ನನ್ನು 5.5 ಕೋಟಿಗೆ ಯುನೈಟೆಡ್‌ಗೆ ಕೊಟ್ಟಾಗ ಆದದ್ದು ಅದೇ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್, ಒಂದು ಕ್ಲಬ್ಬಿಗೆ ಮೂರು ವರ್ಷದಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟವಾಗಕೂಡದು ಎಂದು ಗೆರೆ ಎಳೆದಿದ್ದ ಕಾಲವದು. 2023-24ರ ಸೀಸನ್‌ನಲ್ಲಿ ಆ ನಿಯಮ ಮೀರಿದ್ದಕ್ಕೆ ಎವರ್ಟನ್‌ಗೆ ಎರಡು ಕಂತಿನಲ್ಲಿ 8 ಅಂಕ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4 ಅಂಕ ಹೋಯಿತು. ಅಂಥ ಹೊತ್ತಲ್ಲಿ ಕೋಚ್ “ನಮ್ಮೂರ ಹುಡುಗ, ಅವನನ್ನು ಬಿಡಬೇಡಿ” ಎಂದರೆ ಕೇಳುವವರು ಯಾರು? ಅಭಿಮಾನಿಗಳಿಗೆ ಅತಿ ಪ್ರೀತಿಯ ಹುಡುಗನೇ ಲೆಕ್ಕದವನಿಗೆ ಅತಿ ಸುಲಭದ ಮಾರಾಟ. ಇದರಷ್ಟು ಕೆಟ್ಟ ವ್ಯವಸ್ಥೆ ಇನ್ನೊಂದಿರಲಿಕ್ಕಿಲ್ಲ.

ಕೋಚಿನ ಮಾತು ಅತಿ ಹೆಚ್ಚು ನಡೆಯುವುದು ಅವನ ಮೊದಲ ಬೇಸಿಗೆಯಲ್ಲಿ, ಹೊಸ ಸೊಸೆಯ ಮಾತು ಮೊದಲ ವರ್ಷ ನಡೆದ ಹಾಗೆ. ಎರಿಕ್ ಟೆನ್ ಹಾಗ್ 2022ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ತನ್ನ ಹಳೇ ಕ್ಲಬ್ ಅಯಾಕ್ಸ್‌ನಿಂದ ಡಿಫೆಂಡರ್ ಲಿಸಾಂಡ್ರೊ ಮಾರ್ಟಿನೆಜ್ ಮತ್ತು ವಿಂಗರ್ ಆಂಟನಿಯನ್ನು ತರಿಸಿಕೊಂಡರು. ಮಾರ್ಟಿನೆಜ್ ಗಿಡ್ಡ ಎಂದು ಮೊದಲು ನಕ್ಕವರೇ ಕ್ರಿಸ್‌ಮಸ್ ಹೊತ್ತಿಗೆ ಅವನ ಹೆಸರಿನ ಜೆರ್ಸಿ ಹಾಕಿಕೊಂಡಿದ್ದರು. ಆಂಟನಿಗೆ ಕೊಟ್ಟದ್ದು ಸುಮಾರು 9.5 ಕೋಟಿ ಯೂರೋ, ಆ ಬೆಲೆಗೆ ತಕ್ಕ ಆಟ ಮಾತ್ರ ಬರಲಿಲ್ಲ. 2024ರ ಅಕ್ಟೋಬರಿನಲ್ಲಿ ಕೋಚ್ ಹೋದರು, 2025ರ ಜನವರಿಯಲ್ಲಿ ಆಂಟನಿ ಲೋನ್ ಮೇಲೆ, ಅಂದರೆ ಎರವಲಾಗಿ, ಸ್ಪೇನಿನ ಬೆಟಿಸ್‌ಗೆ ಹೋದ, ಅಲ್ಲಿ ಚೆನ್ನಾಗಿ ಆಡಿದ. ಕೇಳಿದವನೂ ಒಬ್ಬನೇ, ತಂದದ್ದೂ ಒಂದೇ ಬೇಸಿಗೆಯಲ್ಲಿ, ಒಂದೇ ಅಂಗಡಿಯಿಂದ. ಬೆಂಚಿನ ಯಾವ ಸಿದ್ಧಾಂತಕ್ಕೂ ಇವರಿಬ್ಬರು ಒಟ್ಟಿಗೆ ಹೊಂದುವುದಿಲ್ಲ.

ಇನ್ನೊಂದು ತುದಿಯಲ್ಲಿ 2017ರಲ್ಲಿ ಲಿವರ್‌ಪೂಲ್‌ಗೆ ಬಂದ ಮೊಹಮ್ಮದ್ ಸಲಾ. ಸುಮಾರು 3.5 ಕೋಟಿ ಪೌಂಡ್. ತನ್ನ ಕಿವಿಯಲ್ಲಿ ಆ ಹೆಸರು ಊದುತ್ತಲೇ ಇದ್ದವರು ಸ್ಕೌಟಿಂಗ್ ಮತ್ತು ಡೈರೆಕ್ಟರ್ ಕಡೆಯವರು ಎಂದು ಆಗಿನ ಕೋಚ್ ಕ್ಲಾಪ್ ಅವರೇ ಆಮೇಲೆ ಒಪ್ಪಿಕೊಂಡರು. ಆ ಸೀಸನ್‌ನಲ್ಲಿ ಸಲಾ ಹೊಡೆದದ್ದು ಲೀಗಿನಲ್ಲೇ 32 ಗೋಲು. ಬೆಂಚಿನಲ್ಲಿ ಇದನ್ನು ಹೇಳಿದರೆ ಲಿವರ್‌ಪೂಲ್‌ನವರು ಒಂದು ಗುಟುಕು ಕಾಫಿ ಕುಡಿದು, “ಒಪ್ಪಿದ್ದು ಕ್ಲಾಪ್ ತಾನೇ?” ಎನ್ನುತ್ತಾರೆ. ಅದೂ ಸರಿಯೇ. ಹೂಂ ಎನ್ನುವುದೂ ಒಂದು ವಿದ್ಯೆ.

ಕೇಳಿದ್ದು ಸಿಗದೇ ಹೋದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಬೇಸಿಗೆ ಪಕ್ಕಪಕ್ಕ ಇಡಬಹುದು. 2018ರಲ್ಲಿ ಯುನೈಟೆಡ್‌ನ ಆಗಿನ ಮ್ಯಾನೇಜರ್ ಮೊರಿನ್ಯೊ ಸೆಂಟರ್ ಬ್ಯಾಕ್ ಬೇಕೆಂದು ಹಠ ಹಿಡಿದರು. ಆ ವರ್ಷ ಇಂಗ್ಲೆಂಡಿನ ಕಿಟಕಿ ಆಗಸ್ಟ್ 9ಕ್ಕೇ ಮುಚ್ಚಿತು, ಆ ಜಾಗಕ್ಕೆ ಯಾರೂ ಬರಲಿಲ್ಲ. ಸಿಟ್ಟು ಪ್ರೆಸ್ ಮೀಟಿನಲ್ಲಿ ಹೊರಬಂತು, ಡಿಸೆಂಬರಿನಲ್ಲಿ ಮೊರಿನ್ಯೊ ಹೊರಬಿದ್ದರು. ಮರುವರ್ಷ ಅದೇ ಕ್ಲಬ್ 8 ಕೋಟಿ ಕೊಟ್ಟು ಸೆಂಟರ್ ಬ್ಯಾಕ್ ಮಗ್ವಾಯರ್‌ನನ್ನು ತಂದಿತು, ಬೇರೆ ಮ್ಯಾನೇಜರಿಗೆ. 2024ರಲ್ಲಿ ಲಿವರ್‌ಪೂಲ್‌ಗೆ ಹೊಸದಾಗಿ ಬಂದ ಕೋಚ್ ಆರ್ನೆ ಸ್ಲಾಟ್‌ಗೆ ಬೇಕಿದ್ದದ್ದು ಹೋಲ್ಡಿಂಗ್ ಮಿಡ್‌ಫೀಲ್ಡರ್. ಕ್ಲಬ್ ಸ್ಪೇನಿನ ಜುಬಿಮೆಂಡಿಯನ್ನು ಕೇಳಿತು, ಆತ ಊರು ಬಿಟ್ಟು ಬರಲೊಲ್ಲೆ ಎಂದ. ಬದಲಿಗೆ ಇನ್ನೊಬ್ಬನನ್ನು ತರಲಿಲ್ಲ. ಆ ಸೀಸನ್‌ಗೆಂದು ಬಂದವನು ವಿಂಗರ್ ಕಿಯೇಸಾ ಒಬ್ಬನೇ. ಆಗ ಬೆಂಚಿನಲ್ಲಿ ಎದ್ದ ಗಲಾಟೆಗೆ ತಗಡಿನ ಮೇಲಿನ ಮಳೆ ಕೇಳಿಸುತ್ತಿರಲಿಲ್ಲ. ಸ್ಲಾಟ್ ಮನೆಯಲ್ಲೇ ಇದ್ದ ಗ್ರಾವೆನ್‌ಬರ್ಖ್‌ನನ್ನು ಆ ಜಾಗದಲ್ಲಿ ನಿಲ್ಲಿಸಿದರು. ಬೆನ್ನಿಗೆ ಎದುರಾಳಿಯನ್ನಿಟ್ಟುಕೊಂಡು ಚೆಂಡು ತೆಗೆದುಕೊಂಡು, ಒಂದೇ ತಿರುವಿನಲ್ಲಿ ಮುಂದಕ್ಕೆ ಮುಖ ಮಾಡುವವನು ಅವನು. ಹಿಂದಿನ ಸೀಸನ್‌ನಲ್ಲಿ ಮೊದಲ ಹನ್ನೊಂದರಲ್ಲಿ ಅವನಿಗೆ ಖಾಯಂ ಜಾಗವಿರಲಿಲ್ಲ. 2024-25ರ ಲೀಗ್ ಲಿವರ್‌ಪೂಲ್‌ನದ್ದಾಯಿತು. ಮರುಬೇಸಿಗೆಯಲ್ಲಿ ಸಾಹುಕಾರ ಖಜಾನೆ ತೆರೆದ: ವಿರ್ಟ್ಸ್‌ಗೆ 10 ಕೋಟಿ ಮತ್ತು ಅದರ ಮೇಲೆ ಷರತ್ತಿನ ದುಡ್ಡು, ಐಸಾಕ್‌ಗೆ 12.5 ಕೋಟಿ.

ಯಾರು ಯಾರ ಆಯ್ಕೆ ಎಂದು ಹೊರಗಿನಿಂದಲೇ ಗುರುತು ಹಿಡಿಯಬಹುದು, ಕಾಯಿ ನೋಡಿ ತಳಿ ಹೇಳಿದ ಹಾಗೆ. ವಯಸ್ಸು 27 ದಾಟಿದೆ, ಹಿಂದೆ ಇದೇ ಕೋಚಿನ ಕೈಕೆಳಗೆ ಆಡಿದ್ದಾನೆ, ಒಪ್ಪಂದ ಚಿಕ್ಕದು: ಅದು ಕೋಚ್ ಕೇಳಿದ್ದು. ಇಪ್ಪತ್ತರ ಹುಡುಗ, ದಕ್ಷಿಣ ಅಮೆರಿಕದವನು, ಏಳೆಂಟು ವರ್ಷದ ಒಪ್ಪಂದ: ಅದು ಆಫೀಸಿನದ್ದು, ಕೋಚಿಗೆ ಹೆಸರು ಉಚ್ಚರಿಸಲು ಬಂದರೆ ಪುಣ್ಯ. (ಕಂತನ್ನು ಇಷ್ಟುದ್ದ ಎಳೆಯುವ ಚೆಲ್ಸಿಯ ಜಾಣತನಕ್ಕೆ 2023ರಲ್ಲಿ ಮೊದಲು ಯುರೋಪಿನ ಫುಟ್‌ಬಾಲ್ ಮಂಡಳಿ ಯುಇಎಫ್ಎ, ಆಮೇಲೆ ಪ್ರೀಮಿಯರ್ ಲೀಗ್ ಮೂಗುದಾರ ಹಾಕಿದವು, ಒಪ್ಪಂದ ಎಷ್ಟುದ್ದವಾದರೂ ಇರಲಿ, ದುಡ್ಡನ್ನು 5 ವರ್ಷದೊಳಗೇ ಹಂಚಬೇಕು.) ಕೊನೆಯ ದಿನ ಲೋನ್ ಮೇಲೆ ಬಂದ ಮೂವತ್ತೊಂದರ ಫುಲ್‌ಬ್ಯಾಕ್ ಯಾರ ಆಯ್ಕೆಯೂ ಅಲ್ಲ, ಅದು ತೋಟದಲ್ಲಿ ಆಳು ಸಿಗದ ದಿನ ಬಂದವರನ್ನು ಕರೆದ ಹಾಗೆ. ಇಂಗ್ಲೆಂಡಿನಲ್ಲಾದರೆ ಲೀಗಿಗೆ ಕೊಡುವ 25 ಜನರ ಪಟ್ಟಿಯಲ್ಲಿ ಹೊರದೇಶದ ಕ್ಲಬ್ಬುಗಳಲ್ಲಿ ಬೆಳೆದವರು 17 ಮೀರಬಾರದು ಎಂಬುದೂ ಇದೆ. 21ರೊಳಗಿನವರಿಗೆ ಮಾತ್ರ ವಿನಾಯಿತಿ. ಹೀಗಾಗಿ ಎಷ್ಟೋ ಸಲ ಕೋಚ್ ಕೇಳಿದವನು ಸಿಗದಿರುವುದಕ್ಕೆ ದುಡ್ಡೇ ಕಾರಣವಲ್ಲ. ಪಟ್ಟಿಯಲ್ಲಿ ಕುರ್ಚಿ ಖಾಲಿ ಇರುವುದಿಲ್ಲ, ಕೂತವನು ಏಳುವುದೂ ಇಲ್ಲ.

ಕಿಟಕಿ ಮುಚ್ಚುವ ರಾತ್ರಿಯೇ ಬೆಂಚಿನ ಜಾತ್ರೆ. 2024ರಲ್ಲಿ ಅಲ್ಲಿಯ ರಾತ್ರಿ 11 ಎಂದರೆ ಇಲ್ಲಿ ಬೆಳಗಿನ ಜಾವ ಮೂರೂವರೆ. ಎದ್ದು ಕೂತವರ ಕಣ್ಣು ಮಾರನೆಯ ದಿನ ಕೆಂಪು. 2025ರಲ್ಲಿ ಸೆಪ್ಟೆಂಬರ್ 1ರ ಸಂಜೆ 7ಕ್ಕೇ ಮುಚ್ಚಿದ್ದರಿಂದ ಇಲ್ಲಿ ರಾತ್ರಿ ಹನ್ನೊಂದೂವರೆ, ಗಣಪತಿ ಪೆಂಡಾಲಿನ ಲೈಟಿನ ಕೆಳಗೇ ಕೂತು ಫೋನ್ ನೋಡಬಹುದಿತ್ತು. ಆ ರಾತ್ರಿ ಕ್ರಿಸ್ಟಲ್ ಪ್ಯಾಲೆಸ್‌ನ ನಾಯಕ ಗುಯೆಹಿ 3.5 ಕೋಟಿಗೆ ಲಿವರ್‌ಪೂಲ್‌ಗೆ ಹೋಗುವುದೆಂದು ಮಾತಾಗಿ, ಮೆಡಿಕಲ್ ಕೂಡ ಆಗಿತ್ತು. ಪ್ಯಾಲೆಸ್‌ನ ಕೋಚ್ ಗ್ಲಾಸ್ನರ್ ನಾಯಕ ಹೋಗಕೂಡದು ಎಂದು ಬಹಿರಂಗವಾಗಿಯೇ ಹೇಳಿಕೊಂಡು ಬಂದಿದ್ದರು. ಅವನ ಜಾಗಕ್ಕೆ ಬರಬೇಕಿದ್ದವನು ಬೇರೆ ಕ್ಲಬ್ಬಿಗೆ ಹೋದ, ಪ್ಯಾಲೆಸ್ ಹಿಂದೆ ಸರಿಯಿತು, ಕಿಟಕಿ ಮುಚ್ಚಿತು. “ನೋಡಿದ್ಯಾ, ಕೋಚ್ ಗೆದ್ದ!” ಎಂದ ಒಬ್ಬ. “ಗೆದ್ದಿದ್ದು ಕೋಚ್ ಅಲ್ಲ ಕಣೋ, ಗಡಿಯಾರ” ಎಂದ ಇನ್ನೊಬ್ಬ.

ಇಂಥ ಬೆಂಚುಗಳ ತುದಿಯಲ್ಲಿ ಹಿರಿಯರೊಬ್ಬರು ಬೈ-ಟು ಕಾಫಿ ಹಿಡಿದು ಸುಮ್ಮನೆ ಕೇಳುತ್ತಾ ಕೂತಿರುವುದುಂಟು. ಯಾವುದೋ ತೋಟದ ಮ್ಯಾನೇಜರ್.

“ಏನಣ್ಣ, ನೀವೇ ಹೇಳಿ. ಮ್ಯಾನೇಜರ್ ಕೇಳಿದ್ದನ್ನ ಕೊಡಬೇಕೋ ಬೇಡ್ವೋ?”

“ನಾನು ಮೇ ತಿಂಗಳಲ್ಲೇ ಕೇಳಿದ್ದೆ ಕಣ್ರಪ್ಪ, ಎರಡನೇ ಬೋರ್ಡೋಗೆ ಒಂದು ಪವರ್ ಸ್ಪ್ರೇಯರ್.”

“ಬಂತಾ?”

“ಹೋಂಸ್ಟೇಗೆ ಜಿಪ್‌ಲೈನ್ ಬಂತು.”

ಕೊಡೆ ಕೊಡವಿಕೊಂಡು ಅವರು ಎದ್ದರು.