ಗೇಟಿನ ಒಳಗಿನ ರಸ್ತೆ ಕಾನೂನಿನ ಹೊರಗಿಲ್ಲ

ಪುಣೆಯಲ್ಲಿ ಟ್ರಾಫಿಕ್ ನಿಯಮಗಳ ಬಗ್ಗೆ ವಾದ ಮಾಡಲು ಬಾರದವರು ಸಿಗುವುದು ಕಷ್ಟ. ಹೆಲ್ಮೆಟ್ ಕಡ್ಡಾಯ ಎಂದರೆ ಮೋರ್ಚಾ ಹೊರಡುತ್ತದೆ. ಪಾರ್ಕಿಂಗ್‌ನ ಪಿ-1, ಪಿ-2 ಫಲಕದ ಕೆಳಗೆ ನಿಂತು ಇವತ್ತು ಸಮ ದಿನಾಂಕವೋ ಬೆಸ ದಿನಾಂಕವೋ ಎಂದು ಬೆರಳು ಮಡಿಸುವವರನ್ನು ಟೋಯಿಂಗ್ ಹುಡುಗರು ಕಾಯುತ್ತಾ ಕೂರುವುದಿಲ್ಲ. ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿಗೂ ಆಗಾಗ ಯಾರದೋ ಇ-ಚಲನ್ ಬಂದು ಬೀಳುತ್ತದೆ, ಕೆಳಗೆ ಅನ್ಯಾಯ ಅನ್ಯಾಯ ಎಂಬ ಕೂಗು. ಐನೂರು, ಸಾವಿರ ರೂಪಾಯಿಗೆ ಇಷ್ಟು ಕುದಿಯುವ ನಾವು ಲಕ್ಷಗಟ್ಟಲೆ ಪರಿಹಾರವನ್ನು ಕೊಡಿಸುವ, ಇಲ್ಲವೇ ಕೈತಪ್ಪಿಸುವ ಭಾಗವನ್ನು ಮಾತ್ರ ತೆರೆದು ನೋಡುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ ಎರಡನೆಯ ಸೆಕ್ಷನ್ ಅದು. ಯಾವುದು ವಾಹನ, ಯಾವುದು ಸಾರ್ವಜನಿಕ ಸ್ಥಳ, ಯಾರು ಮಾಲೀಕ ಎಂದು ಹೇಳುವ ವ್ಯಾಖ್ಯೆಗಳ ಪಟ್ಟಿ. ದಂಡದ ಪಟ್ಟಿಯಂತೆ ಪತ್ರಿಕೆಯಲ್ಲಿ ಅಚ್ಚಾಗುವ ಭಾಗ್ಯ ಅದಕ್ಕಿಲ್ಲ.

ನಾನು ನಿವೃತ್ತನಾಗುವವರೆಗೂ ವಿಮಾ ಕಂಪನಿಯೊಂದರಲ್ಲಿ ಮೋಟಾರ್ ಕ್ಲೇಮ್ ಕಡತಗಳನ್ನು ನೋಡುತ್ತಿದ್ದವನು. ಅಂದರೆ ಹಣ ಕೊಡಬೇಕಾದವರ ಕಡೆಯಲ್ಲಿ ಕುಳಿತಿದ್ದವನು. ನಮ್ಮ ವಕೀಲರು ಕಡತ ಕೈಗೆತ್ತಿಕೊಂಡ ಕೂಡಲೇ ನೋಡುತ್ತಿದ್ದದ್ದು ಗಾಯದ ಫೋಟೋವನ್ನಲ್ಲ, ಅಪಘಾತ ನಡೆದ ಜಾಗವನ್ನು. ಅದು ಸಾರ್ವಜನಿಕ ಸ್ಥಳವಲ್ಲ ಎಂದಾದರೆ ಕಂಪನಿ ಹಣ ಕೊಡಬೇಕಿಲ್ಲ ಎಂದು ವಾದಿಸಬಹುದಿತ್ತು. ಈಗ ನನ್ನ ಬಳಿಗೆ ಬರುವವರು ಎದುರಿನ ಕಡೆಯವರು: ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಇಲ್ಲಿಗೆ ದುಡಿಯಲು ಬಂದ ಜನ. ಪುಣೆಯ ಸುತ್ತ ಎದ್ದಿರುವ ಗೋಪುರಗಳಲ್ಲಿ ಇವರ ಕೈ ಸೋಕದ ಗೋಡೆ ಕಡಿಮೆ.

ಅಂಥವರಲ್ಲಿ ಒಬ್ಬ ಸಿಂದಗಿ ಕಡೆಯ ಹುಡುಗ, ಸೆಂಟ್ರಿಂಗ್ ಕೆಲಸದವನು. ಹಿಂಜವಡಿಯ ಆಚೆ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ನೀರಿನ ಟ್ಯಾಂಕರ್ ಹಿಮ್ಮುಖವಾಗಿ ಬರುವಾಗ ಚಕ್ರ ಅವನ ಕಾಲಿನ ಮೇಲೆ ಹತ್ತಿತು. ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು. ಅವನ ಅಣ್ಣ ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮನೆಗೆ ಬಂದ. ಚೀಲದಲ್ಲಿ ಎಕ್ಸ್‌ರೇ, ಔಷಧಿ ಅಂಗಡಿಯ ಬಿಲ್ಲುಗಳು, ಆಧಾರ್‌ನ ಜೆರಾಕ್ಸ್. ಎಫ್‌ಐಆರ್ ಇಲ್ಲ. ಯಾಕಿಲ್ಲ ಎಂದು ಕೇಳಿದೆ.

“ಇದು ಖಾಸಗಿ ಜಾಗ, ರೋಡಲ್ಲ, ಪೊಲೀಸ್ ಕೇಸು ಆಗುವುದಿಲ್ಲ ಎಂದು ಮುಕಾದಮ ಹೇಳಿದ, ಸಾಹೇಬರೇ. ಆಸ್ಪತ್ರೆಗೆಂದು ಇಪ್ಪತ್ತು ಸಾವಿರ ಕೊಟ್ಟು, ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ.” ಎಕ್ಸ್‌ರೇಯನ್ನು ಮತ್ತೆ ಕವರಿನೊಳಗೆ ತುರುಕುತ್ತಾ ಕೇಳಿದ: “ಗೇಟಿನ ಒಳಗೆ ಮುರಿದರೆ ಅದು ಕಾಲಲ್ಲವೇ?”

ಮುಕಾದಮನ, ಅಂದರೆ ಕೂಲಿಯಾಳುಗಳ ಮೇಸ್ತ್ರಿಯ, ಮಾತು ನಮ್ಮಲ್ಲಿ ಬಹುಪಾಲು ಜನ ನಂಬಿರುವ ಮಾತೇ. ಸೊಸೈಟಿಯ ಒಳಗೆ ಕಾರು ತಾಗಿದರೂ ‘ಇದು ನಮ್ಮ ಒಳಗಿನ ವಿಷಯ’ ಎನ್ನುವ ಕಾರ್ಯದರ್ಶಿಗಳನ್ನು ನೀವೂ ನೋಡಿರುತ್ತೀರಿ. ಕಾಯ್ದೆ ಏನು ಹೇಳುತ್ತದೆ ನೋಡಿ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಬೇರೆ ಯಾವುದೇ ಜಾಗ ಸಾರ್ವಜನಿಕ ಸ್ಥಳ. ಅದು ಈ ಕಡೆಯಿಂದ ಆ ಕಡೆಗೆ ಹಾದುಹೋಗುವ ಮಾರ್ಗವೇ ಆಗಿರಬೇಕೆಂದಿಲ್ಲ. ಬಸ್ಸು ಜನರನ್ನು ಹತ್ತಿಸಿ ಇಳಿಸುವ ತಾಣವೂ ಅದರಲ್ಲಿ ಸೇರಿದೆ. ಜಾಗ ಮಹಾನಗರಪಾಲಿಕೆಯದೇ ಆಗಿರಬೇಕು, ಡಾಂಬರು ಬಿದ್ದಿರಬೇಕು, ಸುತ್ತ ಕಾಂಪೌಂಡ್ ಇರಬಾರದು ಎಂಬ ಒಂದು ಮಾತೂ ಇಲ್ಲ.

ಹಾಗಾದರೆ ವಾಚ್‌ಮನ್ ತಡೆದು, ರಿಜಿಸ್ಟರ್‌ನಲ್ಲಿ ಬರೆಸಿಕೊಂಡು ಒಳಗೆ ಬಿಡುವ ಜಾಗದಲ್ಲಿ ಜನರಿಗೆ ಪ್ರವೇಶದ ‘ಹಕ್ಕು’ ಇದೆಯೇ? ವಕೀಲರ ಹೊಟ್ಟೆ ತುಂಬಿಸಿದ ಪ್ರಶ್ನೆ ಇದು. ಮಹಾರಾಷ್ಟ್ರ, ಗೋವಾಗಳ ಮಟ್ಟಿಗೆ ಉತ್ತರ ಬಂದು ಕಾಲವಾಯಿತು. 1988ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಪಾಂಡುರಂಗ ಚಿಮಾಜಿ ಅಗಳೆ ಪ್ರಕರಣದಲ್ಲಿ, ವಿಮೆಯ ಅಧ್ಯಾಯದ ಮಟ್ಟಿಗೆ, ಜಾಗ ಖಾಸಗಿ ಒಡೆತನದ್ದಾದರೂ ಜನ ಬಂದುಹೋಗುವುದಿದ್ದರೆ ಅದು ಸಾರ್ವಜನಿಕ ಸ್ಥಳವೇ, ಆ ಬಂದುಹೋಗುವಿಕೆ ಮುಕ್ತವಾಗಿದ್ದರೂ ಸರಿ, ನಿಯಂತ್ರಣಕ್ಕೆ ಒಳಪಟ್ಟಿದ್ದರೂ ಸರಿ ಎಂದು ಹೇಳಿತು. ಅದು 1939ರ ಹಳೆಯ ಕಾಯ್ದೆಯ ಕೆಳಗೆ ಬಂದ ತೀರ್ಪು. ಆದರೆ ಹೊಸ ಕಾಯ್ದೆಯೂ ಆ ವ್ಯಾಖ್ಯೆಯನ್ನೇ ಉಳಿಸಿಕೊಂಡಿದೆ. ಟ್ಯಾಂಕರಿನವನು, ಸಿಮೆಂಟಿನವನು, ಫ್ಲ್ಯಾಟು ನೋಡಲು ಬರುವ ಗಿರಾಕಿ ಎಲ್ಲರೂ ಹೊಕ್ಕು ಹೊರಡುವ ಆ ಗೇಟಿನ ಒಳಗನ್ನು ಈ ಅಳತೆಯಿಂದ ಹೊರಗಿಡುವುದು ಸುಲಭವಲ್ಲ.

ಈಗ ಹಣ ಕೊಡಬೇಕಾದವರ ಪಕ್ಷಕ್ಕೆ ಒಂದು ಹೊಸ ಆಯುಧ ಸಿಕ್ಕಿದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಆವರಣದೊಳಗೆ ಮಾತ್ರ ಓಡುತ್ತಿದ್ದ ವಾಹನಗಳಿಗೆ ಆಂಧ್ರದ ಮೋಟಾರು ವಾಹನ ತೆರಿಗೆ ಬೀಳುವುದಿಲ್ಲ ಎಂದಿತು. ಸುತ್ತ ಗೋಡೆ, ಗೇಟಿನಲ್ಲಿ ಕಾವಲು, ಪಾಸ್ ಇಲ್ಲದೆ ಪ್ರವೇಶವಿಲ್ಲ. ಆದ್ದರಿಂದ ಆ ಅಂಗಳ ಸಾರ್ವಜನಿಕ ಸ್ಥಳವಲ್ಲ ಎಂಬುದು ಅಲ್ಲಿನ ತರ್ಕ. ತೆರಿಗೆಯ ಮಟ್ಟಿಗೆ ನನಗೂ ಇದು ಒಪ್ಪಿಗೆಯೇ. ಸರ್ಕಾರದ ರಸ್ತೆಯನ್ನು ಸವೆಸದವನಿಂದ ರಸ್ತೆಯ ತೆರಿಗೆ ಏಕೆ ವಸೂಲು ಮಾಡಬೇಕು? ಆದರೆ ಇದನ್ನೇ ತಂದು ಕಾಲು ಮುರಿದವನ ಎದುರು ಹಿಡಿದರೆ ನನ್ನ ತಕರಾರಿದೆ. ತೆರಿಗೆ ಕಾನೂನನ್ನು ಸರ್ಕಾರದ ಕೈ ಚಾಚದಂತೆ ಬಿಗಿಯಾಗಿ ಓದಬೇಕು, ಪರಿಹಾರದ ಕಾನೂನನ್ನು ಗಾಯಗೊಂಡವನಿಗೆ ತಲುಪುವಂತೆ ಅಗಲಿಸಿ ಓದಬೇಕು. ಎರಡಕ್ಕೂ ಒಂದೇ ಗಜಕಡ್ಡಿ ಹಿಡಿಯುವವರಿಗೆ ಕಾನೂನು ಗೊತ್ತಿಲ್ಲ ಎಂದಲ್ಲ. ಚೆನ್ನಾಗಿಯೇ ಗೊತ್ತಿದೆ, ಅದಕ್ಕೇ ಹಿಡಿಯುತ್ತಾರೆ.

ಸಿಂದಗಿಯ ಹುಡುಗನ ವಿಷಯದಲ್ಲಿ ಮುಕಾದಮ ಹೇಳಿದ ಬೇರೆ ಮಾತುಗಳೂ ಸುಳ್ಳೇ. ಅಪಘಾತವನ್ನು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳ ಒಳಗೆ ಪೊಲೀಸರಿಗೆ ತಿಳಿಸಬೇಕೆಂದು 134ನೆಯ ಸೆಕ್ಷನ್ ಚಾಲಕನಿಗೆ ಹೇಳುತ್ತದೆ. ಅಲ್ಲಿ ಸಾರ್ವಜನಿಕ ಸ್ಥಳದ ಷರತ್ತೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೆಯ ಸೆಕ್ಷನ್ನಿಗೆ ಸಾರ್ವಜನಿಕ ಮಾರ್ಗ ಬೇಕು, ನಿಜ. ಆದರೆ ನಿರ್ಲಕ್ಷ್ಯದಿಂದ ಗಾಯಗೊಳಿಸುವುದನ್ನು ಹೇಳುವ 125ಕ್ಕೆ ಬೇಡ. ಹೆಬ್ಬೆಟ್ಟಿನ ಕಾಗದವೂ ಅಷ್ಟೇ: ಪರಿಹಾರದ ಹಕ್ಕನ್ನು ನೌಕರ ಬಿಟ್ಟುಕೊಟ್ಟಂತೆ ಮಾಡಿಕೊಂಡ ಕರಾರು ಶೂನ್ಯ ಎಂದು 1923ರ ನೌಕರರ ಪರಿಹಾರ ಕಾಯ್ದೆಯ 17ನೆಯ ಸೆಕ್ಷನ್ ಹೇಳುತ್ತಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಎಲುಬು ಮುರಿದರೆ ಅದು ತೀವ್ರ ಗಾಯ. ತೀವ್ರ ಗಾಯಕ್ಕೆ ಮೋಟಾರು ವಾಹನ ಕಾಯ್ದೆಯ 164ನೆಯ ಸೆಕ್ಷನ್ ಕೆಳಗೆ, ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಿಗುವ ಮೊತ್ತ ಎರಡೂವರೆ ಲಕ್ಷ. ಸಾವಾದರೆ ಐದು ಲಕ್ಷ. ಇಪ್ಪತ್ತು ಸಾವಿರದ ಪಕ್ಕದಲ್ಲಿ ಇಟ್ಟು ನೋಡಿ.

ಇನ್ನೊಂದು ವಿಷಯ ನಮ್ಮವರಿಗೆ ಯಾರೂ ಹೇಳುವುದಿಲ್ಲ. ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರ ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಪ್ಲಾಸ್ಟರ್ ಕಟ್ಟಿಸಿಕೊಂಡು ಊರಿಗೆ ಹೋಗಿ ಬಿದ್ದವನು ಶಿವಾಜಿನಗರದ ಕೋರ್ಟಿಗೆ ರೈಲು ಹತ್ತಿ ಬರಬೇಕಾಗಿಲ್ಲ, ವಿಜಯಪುರದಲ್ಲೇ ಕನ್ನಡದಲ್ಲಿ ಮಾತಾಡುವ ವಕೀಲರನ್ನು ಹಿಡಿಯಬಹುದು. ಅವಧಿ ಆರು ತಿಂಗಳು ಎಂದು ಕಾಯ್ದೆ ಹೇಳುತ್ತದೆ, ಆದ್ದರಿಂದ ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎನ್ನಬೇಡಿ. ನೌಕರರ ಪರಿಹಾರ ಮತ್ತು ಮೋಟಾರು ಅಪಘಾತ ಪರಿಹಾರ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಯಾವುದು ಲಾಭ ಎಂಬುದನ್ನು ವಕೀಲರ ಜೊತೆ ಕೂತು ಲೆಕ್ಕ ಹಾಕಿ. ಅದಕ್ಕೂ ಮೊದಲು ಟ್ಯಾಂಕರಿನ ನಂಬರ್ ಪ್ಲೇಟ್ ಮತ್ತು ಗೇಟಿನ ರಿಜಿಸ್ಟರಿನ ಆ ದಿನದ ಪುಟ, ಇವೆರಡರ ಫೋಟೋ ತೆಗೆದುಕೊಳ್ಳಿ. ಹೊರಗಿನವರು ದಿನವೂ ಒಳಗೆ ಬರುತ್ತಿದ್ದರು ಎಂಬುದಕ್ಕೆ ಬಿಲ್ಡರನ ವಾಚ್‌ಮನ್ ತನ್ನ ಕೈಯಾರೆ ಬರೆದಿಟ್ಟ ಸಾಕ್ಷಿ ಅದು.

ಇಷ್ಟೆಲ್ಲ ಆಗುವುದು ಗುದ್ದಿದ್ದು ‘ಮೋಟಾರು ವಾಹನ’ ಆಗಿದ್ದರೆ ಮಾತ್ರ. ಆ ವ್ಯಾಖ್ಯೆ ಸಾಕಷ್ಟು ಅಗಲವಾದದ್ದು. ರಸ್ತೆಯಲ್ಲಿ ಬಳಸಲು ತಕ್ಕುದಾದ, ಯಂತ್ರಬಲದಿಂದ ಚಲಿಸುವ ಎಲ್ಲವೂ ಸೇರುತ್ತವೆ. ಟ್ರೇಲರೂ ಸೇರುತ್ತದೆ, ಮೇಲಿನ ಬಾಡಿ ಕೂರಿಸದ ಬರೀ ಚಾಸಿಯೂ ಸೇರುತ್ತದೆ. ಉತ್ತರದ ಹಳ್ಳಿಗಳಲ್ಲಿ ನೀರೆತ್ತುವ ಎಂಜಿನ್ನು ಕಟ್ಟಿ ಓಡಿಸುವ ಜುಗಾಡ್ ಗಾಡಿಯೂ ಮೋಟಾರು ವಾಹನವೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಹೊರಗಿಟ್ಟಿರುವುದು ಹಳಿಯ ಮೇಲೆ ಓಡುವುದನ್ನು, ಕಾರ್ಖಾನೆ ಅಥವಾ ಮುಚ್ಚಿದ ಆವರಣದೊಳಗೆ ಮಾತ್ರ ಬಳಸಲೆಂದೇ ಮಾಡಿದ ವಿಶೇಷ ಯಂತ್ರಗಳನ್ನು, ಮತ್ತು ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿಸಿ ಮೀರದ ಎಂಜಿನ್ ಇರುವವನ್ನು. ಆ ಟ್ಯಾಂಕರ್ ಬೆಳಗ್ಗೆ ಹೆದ್ದಾರಿಯಲ್ಲಿ ಬಂದದ್ದು, ಎಂಎಚ್-14 ನಂಬರಿನದು. ಅದನ್ನು ‘ಆವರಣದ ಯಂತ್ರ’ ಎನ್ನಲು ಯಾರಿಂದಲೂ ಆಗದು.

ಇಲ್ಲಿ ಕಾಯ್ದೆಯ ಬಗ್ಗೆಯೇ ನನಗೊಂದು ಗಂಭೀರ ದೂರಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಅರ್ಧ ಗಂಟೆಯ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಬ್ಯಾಟರಿ ಗಾಡಿ, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದಿದ್ದರೆ ಮೋಟಾರು ವಾಹನವೇ ಅಲ್ಲ. ಅಂಥ ಒಪ್ಪಿಗೆ ಕೊಡುವ ಸಂಸ್ಥೆಗಳಲ್ಲಿ ಒಂದು ನಮ್ಮ ಕೋಥರೂಡಿನ ಗುಡ್ಡದ ಮೇಲಿನ ಎಆರ್‌ಎಐ. ಬೆಳಗಿನ ವಾಯುವಿಹಾರಕ್ಕೆ ಹೋಗುವವರೆಲ್ಲ ಅದರ ಬೇಲಿ ನೋಡಿದ್ದೀರಿ. ಮೋಟಾರು ವಾಹನವಲ್ಲ ಎಂದ ಮೇಲೆ ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆ ಬೇಡ. ಹೆಲ್ಮೆಟ್ ಕೂಡ ಬೇಡ, ಏಕೆಂದರೆ ಹೆಲ್ಮೆಟ್ಟಿನ 129ನೆಯ ಸೆಕ್ಷನ್ ಮೋಟಾರ್ ಸೈಕಲ್ ಬಗ್ಗೆ ಹೇಳುತ್ತದೆ, ಮೋಟಾರ್ ಸೈಕಲ್ ಎಂದರೆ ಎರಡು ಚಕ್ರದ ಮೋಟಾರು ವಾಹನ ಎಂದು ವ್ಯಾಖ್ಯೆ ಹೇಳುತ್ತದೆ.

ಇಂಥ ಗಾಡಿಯಲ್ಲಿ ಊಟ, ಸಾಮಾನು ಮನೆಮನೆಗೆ ತಲುಪಿಸುವ ಕೆಲಸ ನೌಕರಿಯಿಲ್ಲದ ಹುಡುಗನಿಗೆ ದುಡಿಮೆಯ ದಾರಿ ಆಯಿತು, ಸಂತೋಷ. ಆದರೆ ಕರ್ವೆ ರಸ್ತೆಯ ಫುಟ್‌ಪಾತ್ ಮೇಲೆ ಎದುರು ದಿಕ್ಕಿನಿಂದ, ಬೆನ್ನಿಗೆ ಚೌಕದ ಚೀಲ ಹೊತ್ತು ಸದ್ದಿಲ್ಲದೆ ಬರುವ ಆ ಗಾಡಿ ಅಜ್ಜಿಯೊಬ್ಬರನ್ನು ಬೀಳಿಸಿ ಸೊಂಟದ ಮೂಳೆ ಮುರಿಯಿತು ಎಂದಿಟ್ಟುಕೊಳ್ಳಿ. ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲು ಆ ಅಜ್ಜಿಗೆ ತೆರೆಯುವುದಿಲ್ಲ, 164ರ ಎರಡೂವರೆ ಲಕ್ಷವೂ ಇಲ್ಲ. ಉಳಿಯುವುದು ಹುಡುಗನ ಮೇಲೆ ಸಿವಿಲ್ ದಾವೆ. ದಾವೆ ಗೆದ್ದರೂ ಅವನ ಹತ್ತಿರ ವಸೂಲು ಮಾಡಲು ಏನಿದೆ? ವೇಗದ ಲಾಕ್ ತೆಗೆಸಿ ಓಡಿಸಿದರೆ ಗಾಡಿ ವಿನಾಯಿತಿಯಿಂದ ಹೊರಬಿದ್ದು ಮೋಟಾರು ವಾಹನವಾಗುತ್ತದೆ, ಸರಿ. ಆದರೆ ಆಗ ಅದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನ. ಅಜ್ಜಿಯ ಕೈಗೆ ಬರುವುದು ಇನ್ನೊಂದು ಬರಿಯ ಕಾಗದ.

ಯಂತ್ರದ ವ್ಯಾಟ್ ಅಳೆದು ವ್ಯಾಖ್ಯೆ ಬರೆದವರು ಗಾಡಿಯ ಬಳಕೆಯನ್ನು ಅಳೆಯಲಿಲ್ಲ ಎಂಬುದೇ ನನ್ನ ದೂರು. ಮನೆಯಿಂದ ತರಕಾರಿ ಮಂಡಿಗೆ ಹೋಗಿಬರುವ ನಿವೃತ್ತ ಮೇಷ್ಟ್ರ ಗಾಡಿಗೂ ಬೆಳಗಿನಿಂದ ರಾತ್ರಿಯವರೆಗೆ ಬಾಡಿಗೆಗೆ ಓಡುವ ಗಾಡಿಗೂ ಒಂದೇ ವಿನಾಯಿತಿ ಏಕೆ? ಬಾಡಿಗೆಯ ಬಳಕೆಗೆ ಓಡುವ ಇಂಥ ಗಾಡಿಗೆ ನಂಬರ್ ಬೇಡ, ಲೈಸೆನ್ಸ್ ಬೇಡ, ಆಗಲಿ. ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಮಾತ್ರ ಕಡ್ಡಾಯವಾಗಬೇಕು, ಅದರ ಕಂತನ್ನು ಕಟ್ಟಬೇಕಾದವರು ಹುಡುಗರನ್ನು ಓಡಿಸುವ ಕಂಪನಿಗಳು, ಹುಡುಗರಲ್ಲ.

ಹೆಲ್ಮೆಟ್ ವಿರೋಧಿ ಪುಣೇಕರರಿಗೆ ಒಂದು ಸಾಲು. 129ರ ವಿವರಣೆಯ ಪ್ರಕಾರ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದದ್ದೇ ಹೆಲ್ಮೆಟ್. ಮೊಣಕೈಗೆ ನೇತುಹಾಕಿದ್ದು ಬಿಡಿ, ಪಟ್ಟಿ ಹಾಕದೆ ತಲೆಯ ಮೇಲೆ ಇಟ್ಟುಕೊಂಡದ್ದೂ ಲೆಕ್ಕಕ್ಕಿಲ್ಲ.

ಕೊನೆಗೆ, ಊರಿಗೆ ಮರಳುವ ಮುನ್ನ ಹಳೆಯ ಸ್ಕೂಟರನ್ನು ಪಕ್ಕದ ಮನೆಯವನಿಗೋ ಗ್ಯಾರೇಜಿನವನಿಗೋ ಮಾರಿ ಕೈತೊಳೆದುಕೊಳ್ಳುವವರ ವಿಷಯ. ಕಾಯ್ದೆಯ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವನು. ಹಣ ಎಣಿಸಿಕೊಂಡಿದ್ದರೂ, ಕೀಲಿ ಕೊಟ್ಟಿದ್ದರೂ, ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಖಚಿತಪಡಿಸಿದೆ. ಅಲ್ಲಿ ಕಾರು ಕೈಯಿಂದ ಕೈಗೆ ದಾಟಿ ಹೋಗಿತ್ತು, ಆದರೂ ಮೊದಲ ಮಾಲೀಕನ ಕೊರಳಿಗೇ ಬಿತ್ತು. ಮಾರಿದವರು ಮಾರಾಟವನ್ನು ತಿಳಿಸುವ ಫಾರಂ 29ನ್ನು 14 ದಿನಗಳ ಒಳಗೆ ಆರ್‌ಟಿಒಗೆ ಕೊಡಬೇಕು, ಕೊಂಡವರಿಂದ ಹೆಸರು ಬದಲಾವಣೆಯ ಅರ್ಜಿಯಾದ ಫಾರಂ 30 ಸಹಿ ಮಾಡಿಸಿಕೊಳ್ಳಬೇಕು. ‘ಏಜೆಂಟ್ ಮಾಡಿಸುತ್ತಾನೆ’ ಎಂಬ ಭರವಸೆಯ ಮೇಲೆ ರೈಲು ಹತ್ತಬೇಡಿ. ಎಂಎಚ್-12 ಸ್ಕೂಟರು ಹೊಸಬನ ಹೆಸರಿಗೆ ಬಂದದ್ದನ್ನು ಪರಿವಾಹನ್ ತಾಣದಲ್ಲಿ ನೀವೇ ನೋಡಿ, ಅಲ್ಲಿಯವರೆಗೆ ಅದರ ವಿಮೆ ತಪ್ಪದಂತೆ ನೋಡಿಕೊಳ್ಳಿ.